ಹಳೆಯ ಲ್ಯಾಪ್‌ಟಾಪಿನಲ್ಲಿ ಮನೆ ಮಟ್ಟಿಗೊಂದು ಸಂಗೀತ ಸರ್ವರ್

ಕಲಬುರಗಿ ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇನ್ನೂ ಕ್ಯಾಸೆಟ್ಟುಗಳಿವೆ: ವಚನ ಗಾಯನ, ತತ್ವಪದ, ಶ್ರಾವಣದ ಭಜನೆ, ಮೊಹರಂ ಪದ, ಕವ್ವಾಲಿ, ಯಾವುದೋ ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆ. ಇವುಗಳಲ್ಲಿ ಬಹಳಷ್ಟು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಅವನ್ನೂ ಮನೆಯ ಸಿಡಿಗಳನ್ನೂ ಒಂದು ಅಗ್ಗದ ಕಂಪ್ಯೂಟರಿಗೆ ಇಳಿಸಿ, ಮನೆಯ ಯಾವ ಫೋನಿನಿಂದಾದರೂ ಕೇಳುವಂತೆ ಮಾಡುವ ವಿಧಾನ ಇದು. ಸರ್ವರ್, ಅಂದರೆ ಹಾಡು ಹಂಚುವ ಈ ಕಂಪ್ಯೂಟರ್, ಸಿದ್ಧಪಡಿಸುವುದು ಒಂದು ಭಾನುವಾರದ ಕೆಲಸ. ಕ್ಯಾಸೆಟ್ ಇಳಿಸಿ ಸರಿಯಾಗಿ ಹೆಸರು ಬರೆಯುವುದು ತಿಂಗಳುಗಟ್ಟಲೆಯ ಕೆಲಸ. ಆದ್ದರಿಂದ ದುಡ್ಡನ್ನು ಪ್ರೊಸೆಸರಿಗೆ ಸುರಿಯಬೇಡಿ. ಒಳ್ಳೆಯ ಡಿಸ್ಕಿಗೆ, ಕರೆಂಟಿನ ವ್ಯವಸ್ಥೆಗೆ ಇಡಿ.

ಯಾವ ಕಂಪ್ಯೂಟರ್?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಿಡಿಸದ ಯಂತ್ರಗಳನ್ನು ಕಚೇರಿಗಳು ಹೊರಹಾಕುತ್ತಿವೆ. ಅವೇ ನಮ್ಮ ಕೆಲಸಕ್ಕೆ ಸಾಕು. 64 ಬಿಟ್‌ನ ಯಾವುದೇ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಇದ್ದರೆ ಮುಗಿಯಿತು. ಹಾಡು ಕಳಿಸುವುದು ಸಿನಿಮಾ ಕಳಿಸಿದಷ್ಟು ಭಾರದ ಕೆಲಸವಲ್ಲ. ನಾಲ್ಕು ಕೋಣೆಯಲ್ಲಿ ನಾಲ್ಕು ಜನ ಏಕಕಾಲಕ್ಕೆ ಕೇಳಿದರೂ ಪ್ರೊಸೆಸರ್ ಬಿಸಿಯಾಗುವುದಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸುತ್ತಮುತ್ತಲಿನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿ. ಅಲ್ಲಿ ಸಿಗದಿದ್ದರೆ ಬೀದರ್, ಕಲಬುರಗಿಯವರು ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಚೆನೋಯ್ ಟ್ರೇಡ್ ಸೆಂಟರ್‌ವರೆಗೆ ಹೋಗಿ ಬರಬಹುದು. ಆಯ್ಕೆ ಮಾಡುವಾಗ ವಿದ್ಯುತ್ತಿನ ಲೆಕ್ಕ ನೋಡಿ. ಸುಮ್ಮನೆ ಹೊತ್ತಿಕೊಂಡಿದ್ದಾಗ ಹಳೆಯ ದೊಡ್ಡ ಡೆಸ್ಕ್‌ಟಾಪ್ ಸುಮಾರು 40 ವ್ಯಾಟ್ ತಿನ್ನುತ್ತದೆ: ದಿನವಿಡೀ ಚಾಲೂ ಇಟ್ಟರೆ ತಿಂಗಳಿಗೆ ಸುಮಾರು 29 ಯೂನಿಟ್. ಲ್ಯಾಪ್‌ಟಾಪ್ ಅಥವಾ ಪುಸ್ತಕದ ಗಾತ್ರದ ಮಿನಿ ಪಿಸಿ ಸುಮಾರು 10 ವ್ಯಾಟ್‌ನಲ್ಲಿ ನಡೆಯುತ್ತದೆ: ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಎರಡು ವರ್ಷದಲ್ಲಿ ಈ ವ್ಯತ್ಯಾಸ 500 ಯೂನಿಟ್ ದಾಟುತ್ತದೆ. ಡೆಸ್ಕ್‌ಟಾಪ್ ಪುಕ್ಕಟೆ ಸಿಕ್ಕರೂ ನಿಜಕ್ಕೂ ಪುಕ್ಕಟೆಯಲ್ಲ.

ಎಲ್ಲಕ್ಕಿಂತ ಅಗ್ಗದ ದಾರಿ ಪರದೆ ಒಡೆದ ಲ್ಯಾಪ್‌ಟಾಪ್. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕುವಾಗ ಮಾತ್ರ ಟಿವಿಗೆ ಎಚ್‌ಡಿಎಂಐ ಕೇಬಲ್ ಜೋಡಿಸಿದರಾಯಿತು. ಅದರ ಬ್ಯಾಟರಿ ಚೆನ್ನಾಗಿದ್ದರೆ ಬೇರೆ ಯುಪಿಎಸ್ ಬೇಡ. ಆದರೆ ಬ್ಯಾಟರಿ ಉಬ್ಬಿದೆಯೇ ನೋಡಿ: ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಬಾಯಿ ಬಿಟ್ಟಿದ್ದರೆ ಅಂಥ ಬ್ಯಾಟರಿ ತೆಗೆಸಿಬಿಡಿ. ನಮ್ಮ ಬಿಸಿಲಿನಲ್ಲಿ ಅದು ಬೆಂಕಿಗೆ ದಾರಿ.

ಡಿಸ್ಕುಗಳು ಎರಡಿರಲಿ: ಲಿನಕ್ಸಿಗೆ 120 ಜಿಬಿಯ ಎಸ್‌ಎಸ್‌ಡಿ, ಹಾಡುಗಳಿಗೆ 500 ಜಿಬಿ ಅಥವಾ 1 ಟಿಬಿ ಹಾರ್ಡ್ ಡಿಸ್ಕ್. ಸಿಡಿ ಗುಣಮಟ್ಟದ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್, ಅಂದರೆ ಗಂಟೆಗೆ ಸುಮಾರು 635 ಎಂಬಿ. ಫ್ಲ್ಯಾಕ್ ರೂಪದಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಧ್ವನಿಯಲ್ಲಿ ಏನೂ ಕಳೆಯುವುದಿಲ್ಲ. 60 ನಿಮಿಷದ 100 ಕ್ಯಾಸೆಟ್ಟುಗಳು 35 ಜಿಬಿಯೊಳಗೆ ಕೂರುತ್ತವೆ. ಹೀಗಿರುವಾಗ ಜಾಗ ಉಳಿಸಲೆಂದು ಎಂಪಿ3ಗೆ ಇಳಿಯಬೇಡಿ; ಮತ್ತೊಮ್ಮೆ ಕ್ಯಾಸೆಟ್ ಓಡಿಸುವ ಯೋಗ ಬಾರದೇ ಹೋಗಬಹುದು.

ಕರೆಂಟು, ಬಿಸಿಲು, ಧೂಳು

ಇನ್ವರ್ಟರ್ ಇರುವ ಮನೆಯಲ್ಲೂ ಕರೆಂಟ್ ಹೋದಾಗ ಕಂಪ್ಯೂಟರ್ ಬಂದ್ ಆಗಿ ಮತ್ತೆ ಶುರುವಾಗುವುದುಂಟು. ಎಷ್ಟೋ ಇನ್ವರ್ಟರ್‌ಗಳಿಗೆ ಯುಪಿಎಸ್, ಇಕೋ ಎಂಬ ಎರಡು ಸ್ಥಿತಿಯ ಸ್ವಿಚ್ ಇರುತ್ತದೆ. ಇಕೋದಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು ಹೆಚ್ಚು. ಫ್ಯಾನಿಗೆ ಅದು ತಿಳಿಯುವುದಿಲ್ಲ, ಕಂಪ್ಯೂಟರ್ ತಾಳುವುದಿಲ್ಲ. ಯುಪಿಎಸ್ ಕಡೆಗೆ ಇಡಿ. ರೂಟರನ್ನೂ ಇನ್ವರ್ಟರ್ ಲೈನಿಗೇ ಹಾಕಿಸಿ, ಇಲ್ಲದಿದ್ದರೆ ಸರ್ವರ್ ನಡೆಯುತ್ತಿದ್ದರೂ ಫೋನಿಗೆ ಅದು ಕಾಣುವುದಿಲ್ಲ. ಡೆಸ್ಕ್‌ಟಾಪ್ ಅಥವಾ ಮಿನಿ ಪಿಸಿಯಾದರೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಹೋಗಿ, ಕರೆಂಟ್ ಮರಳಿದಾಗ ತಾನೇ ಶುರುವಾಗುವ ಆಯ್ಕೆಯನ್ನು ಆನ್ ಮಾಡಿ. ಅಲ್ಲಿ ಅದು ‘ಆಫ್ಟರ್ ಪವರ್ ಲಾಸ್’ ಅಥವಾ ‘ಎಸಿ ಪವರ್ ರಿಕವರಿ’ ಎಂಬಂಥ ಹೆಸರಿನಲ್ಲಿರುತ್ತದೆ.

ಮೂರು ಪಿನ್ನಿನ ಸಾಕೆಟ್ಟಿದ್ದು ಒಳಗೆ ಅರ್ಥಿಂಗ್ ಇಲ್ಲದ ಮನೆಗಳು ಬಹಳ. ಕಂಪ್ಯೂಟರಿನ ಲೋಹದ ಭಾಗ ಮುಟ್ಟಿದರೆ ಚುರ್ ಎನ್ನುವುದು, ಆಂಪ್ಲಿಫೈಯರ್‌ನಲ್ಲಿ ಗುಂಯ್ ಎಂಬ ಸದ್ದು ಬರುವುದು ಅದರ ಗುರುತು. ಡಿಎಸಿ (ಕಂಪ್ಯೂಟರಿನ ಅಂಕಿ ಸಂಕೇತವನ್ನು ಧ್ವನಿ ಸಂಕೇತವಾಗಿಸುವ ಸಾಧನ) ಬದಲಿಸುವ ಮೊದಲು ಅರ್ಥಿಂಗ್ ಸರಿ ಮಾಡಿಸಿ. ಆಮೇಲೂ ಗುಂಯ್ ಉಳಿದರೆ ಕಂಪ್ಯೂಟರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ.

ಮೇ ತಿಂಗಳಲ್ಲಿ ಮೇಲ್ಮಹಡಿಯ ಕೋಣೆ, ಪಡುವಣ ಗೋಡೆ, ಬಾಗಿಲು ಮುಚ್ಚಿದ ಅಲಮಾರು, ಈ ಮೂರೂ ಬೇಡ. ಕೆಳಗಿನ ಮನೆಯಲ್ಲಿ ಗಾಳಿಯಾಡುವ ಕಡೆ, ಶಹಾಬಾದ್ ಫರಸಿಯ ಕಪಾಟಿನ ಮೇಲೆ ಇಡುವುದು ಒಳ್ಳೆಯದು, ಕಲ್ಲು ತಣ್ಣಗಿರುತ್ತದೆ. ಹಾರ್ಡ್ ಡಿಸ್ಕಿನ ಬಿಸಿ 50 ಡಿಗ್ರಿ ಒಳಗಿರಬೇಕು. ಲ್ಯಾಪ್‌ಟಾಪನ್ನು ಮುಚ್ಚಿಡುವುದಾದರೆ ಪುಸ್ತಕದಂತೆ ನಿಲ್ಲಿಸಿ, ಗಾಳಿ ಹೊರಬರುವ ಕಿಂಡಿ ಮೇಲಿರಲಿ. ತೊಗರಿ ರಾಶಿಯ ದಿನಗಳು ಮುಗಿದ ಮೇಲೆ ಒಮ್ಮೆ, ಬೇಸಿಗೆಗೆ ಮುಂಚೆ ಇನ್ನೊಮ್ಮೆ ಬ್ಲೋವರ್‌ನಿಂದ ಧೂಳು ಊದಿ. ಊದುವಾಗ ಫ್ಯಾನ್ ತಿರುಗದಂತೆ ಕಡ್ಡಿ ಹಿಡಿಯಿರಿ.

ಲಿನಕ್ಸ್ ಮಿಂಟ್, ಜೆಲ್ಲಿಫಿನ್

ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಅದರ ಐಎಸ್‌ಒ ಕಡತವನ್ನು ರೂಫಸ್ ಎಂಬ ವಿಂಡೋಸ್ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆದು, ಅದರಿಂದಲೇ ಕಂಪ್ಯೂಟರ್ ಶುರು (ಬೂಟ್) ಮಾಡಿ, ಎಸ್‌ಎಸ್‌ಡಿಗೆ ಹಾಕಿ. ಡಿಸ್ಕ್ ಆರಿಸುವ ಹಂತದಲ್ಲಿ ಗಾತ್ರವನ್ನು ಎರಡು ಸಲ ಓದಿ. ಇಲ್ಲಿ ತಪ್ಪಿದರೆ ಹಾಡಿನ ಡಿಸ್ಕ್ ಅಳಿಸಿಹೋಗುತ್ತದೆ. ನಂತರ ಪವರ್ ಮ್ಯಾನೇಜರ್‌ನಲ್ಲಿ ಸ್ಲೀಪ್ ಪೂರ್ತಿ ಬಂದ್ ಮಾಡಿ, ಮುಚ್ಚಳ ಹಾಕಿದಾಗ ಪರದೆಯಷ್ಟೇ ಆರುವಂತೆ ಇಡಿ. ಅರ್ಧ ಗಂಟೆಗೊಮ್ಮೆ ಸರ್ವರ್ ಮಾಯವಾಗುತ್ತದೆಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಮುಂದೆ ಮಿಂಟ್‌ನಲ್ಲೇ ಇರುವ ‘ಡಿಸ್ಕ್ಸ್’ ತೆರೆಯಿರಿ. ಹಾಡಿನ ಡಿಸ್ಕ್ ಹಳೆಯದಾಗಿದ್ದರೆ ಮೊದಲು ಸ್ಮಾರ್ಟ್ ಎಂಬ ಡಿಸ್ಕ್ ಆರೋಗ್ಯದ ಮಾಹಿತಿಯಲ್ಲಿ ‘ರೀಅಲೊಕೇಟೆಡ್ ಸೆಕ್ಟರ್ ಕೌಂಟ್’ (ಕೆಟ್ಟುಹೋದ ಜಾಗಗಳ ಲೆಕ್ಕ) ನೋಡಿ. ಸೊನ್ನೆ ಇದ್ದರೆ ಒಳ್ಳೆಯದು, ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಬೇಡ. ಖಾಲಿ ಡಿಸ್ಕನ್ನು ಲಿನಕ್ಸಿನ ಎಕ್ಸ್ಟ್4 (ext4) ರೂಪಕ್ಕೆ ಫಾರ್ಮ್ಯಾಟ್ ಮಾಡಿ. ಬಳಿಕ ‘ಎಡಿಟ್ ಮೌಂಟ್ ಆಪ್ಷನ್ಸ್’ಗೆ ಹೋಗಿ, ‘ಯೂಸರ್ ಸೆಷನ್ ಡಿಫಾಲ್ಟ್ಸ್’ ಆಫ್ ಮಾಡಿ, ಕಂಪ್ಯೂಟರ್ ಶುರುವಾದಾಗಲೇ ಡಿಸ್ಕ್ ಮೌಂಟ್ ಆಗುವ (ಬಳಕೆಗೆ ತೆರೆದುಕೊಳ್ಳುವ) ಆಯ್ಕೆ ಆನ್ ಇಡಿ. ಮೌಂಟ್ ಪಾಯಿಂಟ್ ‘ಎಂಎನ್‌ಟಿ’ (/mnt) ಫೋಲ್ಡರಿನ ಒಳಗಿರಲಿ, ಗುರುತಿಸುವ ಬಗೆಯಲ್ಲಿ ಯುಯುಐಡಿ (ಡಿಸ್ಕಿನ ಖಾಯಂ ಗುರುತು) ಆರಿಸಿ. ಈ ಹಂತ ಬಿಟ್ಟರೆ ಡಿಸ್ಕ್ ನಿಮ್ಮ ಹೆಸರಿನ ‘ಮೀಡಿಯಾ’ ಫೋಲ್ಡರಿನೊಳಗೆ ತೆರೆದುಕೊಳ್ಳುತ್ತದೆ. ಅಲ್ಲಿಗೆ ನಿಮಗೊಬ್ಬರಿಗೇ ಪ್ರವೇಶ. ಹಾಡುಗಳನ್ನು ಫೋನಿಗೆ ಕಳಿಸುವ ಜೆಲ್ಲಿಫಿನ್ ಬೇರೆ ಬಳಕೆದಾರನಾಗಿ ನಡೆಯುವ ತಂತ್ರಾಂಶವಾದ್ದರಿಂದ ಅದಕ್ಕೆ ಫೋಲ್ಡರ್ ಖಾಲಿ ಕಾಣುತ್ತದೆ. ಹಾಡುಗಳನ್ನು ಹೋಮ್ ಫೋಲ್ಡರಿನಲ್ಲಿಟ್ಟರೂ ಇದೇ ತೊಂದರೆ. ಲೈಬ್ರರಿ ಖಾಲಿ ಬಂದಾಗ ಜೆಲ್ಲಿಫಿನ್ ಕಿತ್ತು ಮತ್ತೆ ಹಾಕುವುದರಿಂದ ಏನೂ ಆಗದು. ಫೋಲ್ಡರಿನ ಪರ್ಮಿಷನ್‌ನಲ್ಲಿ ‘ಅದರ್ಸ್’ಗೆ ಓದುವ ಅನುಮತಿ ಇದೆಯೇ ನೋಡಿ.

ಜೆಲ್ಲಿಫಿನ್ ಉಚಿತ, ಮುಕ್ತ ತಂತ್ರಾಂಶ. 2018ರಲ್ಲಿ ‘ಎಂಬಿ’ (Emby) ಎಂಬ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಅದರ ತಾಣದ ಡೌನ್‌ಲೋಡ್ ಪುಟದಲ್ಲಿ ಲಿನಕ್ಸಿಗೆಂದು ಕೊಟ್ಟಿರುವ ಒಂದು ಸಾಲಿನ ಆಜ್ಞೆಯನ್ನು ಟರ್ಮಿನಲ್‌ಗೆ ಅಂಟಿಸಿ ಎಂಟರ್ ಒತ್ತಿ. ಮುಗಿದ ಮೇಲೆ ಬ್ರೌಸರಿನಲ್ಲಿ ಆ ಕಂಪ್ಯೂಟರಿನ ಐಪಿ ವಿಳಾಸ, ಕೋಲನ್, 8096 ಎಂದು ಬರೆದರೆ ಮೊದಲ ಪುಟ ತೆರೆಯುತ್ತದೆ. ಉದಾಹರಣೆಗೆ 192.168.1.50:8096. ಹೆಸರು, ಪಾಸ್‌ವರ್ಡ್ ಕೊಟ್ಟು, ಲೈಬ್ರರಿ ಸೇರಿಸುವಾಗ ಬಗೆ ‘ಮ್ಯೂಸಿಕ್’ ಎಂದಿಟ್ಟು ಫೋಲ್ಡರ್ ತೋರಿಸಿ. ಅಲ್ಲೇ ಕೆಳಗೆ ಅಂತರ್ಜಾಲದಿಂದ ಮಾಹಿತಿ, ಚಿತ್ರ ತರುವ ಟಿಕ್‌ಗಳನ್ನು ತೆಗೆಯಿರಿ. ಊರಿನ ಭಜನಾ ಮಂಡಳಿಗೆ ಅದು ಯಾವುದೋ ದೇಶದ ಬ್ಯಾಂಡಿನ ಫೋಟೊ ಅಂಟಿಸಬಹುದು.

ರೂಟರಿನ ಸೆಟ್ಟಿಂಗ್‌ನಲ್ಲಿ ಈ ಕಂಪ್ಯೂಟರಿಗೆ ಒಂದೇ ಐಪಿ ಕಾಯ್ದಿರಿಸಿ, ಇಲ್ಲದಿದ್ದರೆ ರೂಟರ್ ಮರುಚಾಲೂ ಆದಾಗ ವಿಳಾಸ ಬದಲಾಗಬಹುದು. ಸಾಧ್ಯವಾದರೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ. ಫೋನಿಗೆ ಫಿನ್ಯಾಂಪ್ ಎಂಬ ಆ್ಯಪ್ ಸಾಕು. ಫೋನಿಗೆ ಸರ್ವರ್ ಕಾಣದಿದ್ದರೆ ಅದು ‘ಗೆಸ್ಟ್’ ವೈಫೈಗೆ ಸೇರಿದೆಯೇ ನೋಡಿ. ಗೆಸ್ಟ್ ಜಾಲ ಒಳಗಿನ ಯಂತ್ರಗಳನ್ನು ಮುಟ್ಟಲು ಬಿಡುವುದಿಲ್ಲ. ಊರ ಹೊರಗಿದ್ದಾಗಲೂ ಕೇಳಬೇಕೆಂದರೆ ರೂಟರಿನಲ್ಲಿ ಪೋರ್ಟ್ ತೆರೆಯಲು (ಹೊರಗಿನಿಂದ ಒಳಬರುವ ದಾರಿ ಬಿಡಲು) ಹೋಗಬೇಡಿ. ಸರ್ವರಿಗೂ ಫೋನಿಗೂ ಟೇಲ್‌ಸ್ಕೇಲ್ (ನಿಮ್ಮ ಯಂತ್ರಗಳ ನಡುವೆ ಖಾಸಗಿ ಜಾಲ ಕಟ್ಟುವ ತಂತ್ರಾಂಶ) ಹಾಕಿ ಒಂದೇ ಖಾತೆಯಿಂದ ಲಾಗಿನ್ ಆದರೆ ಸುರಕ್ಷಿತ.

ಕ್ಯಾಸೆಟ್ ಇಳಿಸುವುದು

ಇಲ್ಲಿ ಅವಸರ ಮಾಡಬೇಡಿ. ಟೇಪ್ ರೆಕಾರ್ಡರಿನ ಹೆಡ್ (ಟೇಪನ್ನು ಓದುವ ಭಾಗ), ರಬ್ಬರ್ ರೋಲರುಗಳ ಮೇಲೆ ಕಂದು ಪುಡಿ ಕೂತಿರುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಹತ್ತಿಕಡ್ಡಿಯಿಂದ ಒರೆಸಿ. ಕ್ಯಾಸೆಟ್ಟಿನ ಬಾಯಲ್ಲಿ ಟೇಪಿನ ಹಿಂದೆ ಸಣ್ಣ ಫೆಲ್ಟ್ ತುಂಡು ಇದೆಯೇ ನೋಡಿ. ಬಿಸಿಗೆ ಅಂಟು ಬಿಟ್ಟು ಅದು ಉದುರಿದ್ದರೆ ಟೇಪು ಹೆಡ್ಡಿಗೆ ಒತ್ತಿ ನಿಲ್ಲದು, ಧ್ವನಿ ಮಂಕಾಗಿ ಬಂದುಬಂದು ಹೋಗುತ್ತದೆ. ಕೆಲಸಕ್ಕೆ ಬಾರದ ಬೇರೊಂದು ಕ್ಯಾಸೆಟ್ಟಿನ ಫೆಲ್ಟ್ ತೆಗೆದು ಹಾಕಬಹುದು. ವರ್ಷಗಟ್ಟಲೆ ಓಡದ ಕ್ಯಾಸೆಟ್ಟನ್ನು ಮೊದಲು ಕೊನೆಯವರೆಗೆ ಸುತ್ತಿ, ಹಿಂದಕ್ಕೆ ಸುತ್ತಿ, ನಂತರ ಪ್ಲೇ ಒತ್ತಿ.

ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಕೆಳಗಿರುವ ಸಣ್ಣ ಸ್ಕ್ರೂ ಹೆಡ್ಡಿನ ವಾಲು ತಿದ್ದುತ್ತದೆ. ತಾಳದ ಝಣ್ ಎಂಬ ಸದ್ದು ಕೇಳುತ್ತಾ, ಅದನ್ನು ಕಾಲು ಸುತ್ತಿಗೂ ಕಡಿಮೆ ಆಚೀಚೆ ತಿರುಗಿಸಿ. ಒಂದು ಜಾಗದಲ್ಲಿ ತಾಳ ಥಟ್ಟನೆ ತೆರೆದುಕೊಳ್ಳುತ್ತದೆ, ಅಲ್ಲೇ ನಿಲ್ಲಿಸಿ. ಬೇರೆ ಯಂತ್ರದಲ್ಲಿ ಧ್ವನಿ ತುಂಬಿದ ಮನೆ ಕ್ಯಾಸೆಟ್ಟುಗಳಿಗೆ ಇದನ್ನು ಪ್ರತಿ ಸಲ ಮಾಡಬೇಕಾಗಬಹುದು. ಎಷ್ಟು ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಸದ್ದು ಕಳೆಯುವ ತಂತ್ರ) ಹಾಕಿದರೂ ಬಾರದ ಸ್ಪಷ್ಟತೆ ಈ ಸ್ಕ್ರೂನಿಂದ ಬರುತ್ತದೆ.

ಓಟದ ವೇಗವನ್ನೂ ಪರೀಕ್ಷಿಸಿ. ಒಳಗಿನ ಬೆಲ್ಟ್ ಸಡಿಲಾದರೆ ಹಾಡು ಜೋಲುತ್ತದೆ, ಅಲುಗುತ್ತದೆ. ಹಾಡಿನಲ್ಲಿ ಹಾರ್ಮೋನಿಯಂ ಇದ್ದು ನಿಮ್ಮ ಮನೆಯಲ್ಲೂ ಒಂದು ಪೆಟ್ಟಿಗೆ ಇದ್ದರೆ ಪರೀಕ್ಷೆ ಸುಲಭ: ಹಾಡಿನ ಷಡ್ಜ ಪೆಟ್ಟಿಗೆಯ ಯಾವುದಾದರೊಂದು ಮನೆಗೆ (ಕೀಲಿಗೆ), ಉದಾಹರಣೆಗೆ ಕಾಳಿ (ಕಪ್ಪು ಮನೆ) ಒಂದಕ್ಕೋ ಎರಡಕ್ಕೋ ಕೂಡಿಕೊಳ್ಳಬೇಕು. ಎರಡು ಮನೆಗಳ ನಡುವೆ ಬಿದ್ದರೆ ವೇಗ ತಪ್ಪಿದೆ ಎಂದೇ ಹೆಚ್ಚಿನ ಸಂಭವ. ಒಂದು ಮನೆಯ ಅಂತರವೆಂದರೆ ವೇಗದಲ್ಲಿ ಸುಮಾರು 6 ಶೇಕಡಾ. ಬೆಲ್ಟ್ ಬದಲಿಸಿ, ಉಳಿದದ್ದನ್ನು ಧ್ವನಿ ಇಳಿಸಿ ತಿದ್ದುವ ಉಚಿತ ತಂತ್ರಾಂಶ ಆಡಾಸಿಟಿಯ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ನಲ್ಲಿ ತಿದ್ದಿ.

ಟೇಪಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ನೀಲಿ ಲೈನ್ ಇನ್‌ಗೆ ಕೇಬಲ್ ಹಾಕಿ. ಲ್ಯಾಪ್‌ಟಾಪಿಗೆ ಅದು ಇರುವುದಿಲ್ಲ, ಲೈನ್ ಇನ್ ಇರುವ ಯುಎಸ್‌ಬಿ ಆಡಿಯೊ ಸಾಧನ ಬೇಕು. ಗುಲಾಬಿ ಮೈಕ್ ಕಿಂಡಿಗೆ ಹಾಕಬೇಡಿ: ಅದು ಸಣ್ಣ ಸಂಕೇತವನ್ನು ಹಿಗ್ಗಿಸಲೆಂದು ಇರುವುದು, ಟೇಪಿನ ಜೋರಿಗೆ ಧ್ವನಿ ಒಡೆಯುತ್ತದೆ. ಆಡಾಸಿಟಿಯಲ್ಲಿ 44,100 ಹರ್ಟ್ಜ್ ಇಟ್ಟು, ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಹೊಂದಿಸಿ. ಸೊನ್ನೆ ಮುಟ್ಟಿ ಕತ್ತರಿಸಿಹೋದ ಧ್ವನಿ ಮರಳಿ ಬರುವುದಿಲ್ಲ. ಒಂದು ಬದಿಯನ್ನು ಒಂದೇ ಓಟದಲ್ಲಿ ಇಳಿಸಿ, ಆಮೇಲೆ ಹಾಡು ಶುರುವಾಗುವಲ್ಲಿ ಕಂಟ್ರೋಲ್-ಬಿ ಒತ್ತಿ ಲೇಬಲ್ ಹಾಕಿ, ಲೇಬಲ್ ಪ್ರಕಾರ ಬಿಡಿ ಫ್ಲ್ಯಾಕ್ ಕಡತಗಳಾಗಿ ರಫ್ತು ಮಾಡಿ.

ನಾಯ್ಸ್ ರಿಡಕ್ಷನ್ ಹಾಕಲೇಬೇಕೆಂದರೆ 6 ಡೆಸಿಬೆಲ್ ಸುತ್ತ ಇಡಿ. 20ರವರೆಗೆ ಏರಿಸಿದರೆ ಮೊದಲು ಸಾಯುವುದು ತಂಬೂರಿಯ ಅನುರಣನ. ದನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ತಿದ್ದದ ಮೂಲ ಕಡತವನ್ನು ಬೇರೆ ಫೋಲ್ಡರಿನಲ್ಲಿ ಹಾಗೇ ಉಳಿಸಿ.

ಹೆಸರು ಬರೆಯುವುದು

ಹೆಸರಿಲ್ಲದ ಕಡತ ಸರ್ವರಿನಲ್ಲಿದ್ದೂ ಇಲ್ಲದಂತೆ. ಜೆಲ್ಲಿಫಿನ್ ಹಾಡುಗಳನ್ನು ಕಡತದೊಳಗಿನ ಟ್ಯಾಗ್ (ಹಾಡು, ಹಾಡಿದವರ ವಿವರ) ನೋಡಿಯೇ ಜೋಡಿಸುತ್ತದೆ. ಲಿನಕ್ಸಿನಲ್ಲಿ ಕಿಡ್3, ವಿಂಡೋಸಿನಲ್ಲಿ ಎಂಪಿ3ಟ್ಯಾಗ್ ಒಳ್ಳೆಯ ಉಪಕರಣಗಳು. ವಚನದ ಕ್ಯಾಸೆಟ್ಟಿಗೆ ‘ಆರ್ಟಿಸ್ಟ್’ನಲ್ಲಿ ಹಾಡಿದವರ ಹೆಸರು, ‘ಕಂಪೋಸರ್’ನಲ್ಲಿ ಬಸವಣ್ಣ, ಅಕ್ಕಮಹಾದೇವಿ ಎಂದು ವಚನಕಾರರ ಹೆಸರು ಬರಲಿ. ‘ಆಲ್ಬಮ್ ಆರ್ಟಿಸ್ಟ್’ ಖಾಲಿ ಬಿಡಬೇಡಿ. ಐದು ಜನ ಹಾಡಿದ ಕ್ಯಾಸೆಟ್ಟಿಗೆ ಎಲ್ಲ ಹಾಡುಗಳಿಗೂ ಅಲ್ಲಿ ಮಂಡಳಿಯ ಹೆಸರೇ ಇರಲಿ, ಇಲ್ಲವಾದರೆ ಒಂದೇ ಕ್ಯಾಸೆಟ್ ಐದು ಆಲ್ಬಮ್ ಆಗಿ ಚದುರಬಹುದು. ಒಂದು ಕ್ಯಾಸೆಟ್ಟಿಗೆ ಒಂದೇ ಫೋಲ್ಡರ್, ಅದರೊಳಗೆ ಕ್ಯಾಸೆಟ್ ಹೊದಿಕೆಯ ಫೋಟೊ ‘ಫೋಲ್ಡರ್’ ಎಂಬ ಹೆಸರಿನ ಜೆಪೆಗ್ ಆಗಿರಲಿ. ಆ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಟ್ಯಾಗುಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ. ಹಿಂದೆ ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ ಬರೆದ ಪಟ್ಟಿಯಿಂದ ನಕಲಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆ ತಂತ್ರಾಂಶಗಳ ಪರಿವರ್ತಕದಲ್ಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ. ಭಜನೆ, ಭಜನಿ, ಭಜನ್ ಇವುಗಳಲ್ಲಿ ಒಂದನ್ನೇ ಹಿಡಿಯಿರಿ, ಹುಡುಕಾಟಕ್ಕೆ ಮೂರೂ ಬೇರೆ ಬೇರೆ. ಹಾಡಿದವರು ಯಾರೆಂದು ಗೊತ್ತಾಗದಿದ್ದರೆ ಮನೆಯ ಹಿರಿಯರಿಗೆ ಕೇಳಿಸಿ, ಅವರು ಹೇಳಿದ ಊರು, ಸಂದರ್ಭವನ್ನು ‘ಕಾಮೆಂಟ್’ನಲ್ಲಿ ಅಂದೇ ಬರೆದಿಡಿ.

ಇಷ್ಟಾದ ಮೇಲೆ ಇನ್ನೊಂದು ಹಾರ್ಡ್ ಡಿಸ್ಕ್ ಕೊಂಡು ತಿಂಗಳಿಗೊಮ್ಮೆ ಇಡೀ ಸಂಗ್ರಹ ನಕಲಿಸಿ, ಅದನ್ನು ಬೇರೆ ಮನೆಯಲ್ಲಿಡಿ. ಸಿಡಿಲಿಗೆ ಸರ್ವರ್ ಸುಟ್ಟರೆ ಅದರ ಪಕ್ಕದಲ್ಲೇ ಸಿಕ್ಕಿಸಿಟ್ಟ ಡಿಸ್ಕೂ ಉಳಿಯದಿರಬಹುದು. ನಕಲು ಮಾಡಿದಾಗಲೆಲ್ಲ ಅದರಿಂದ ಎರಡು ಹಾಡು ತೆರೆದು ಕೊನೆಯವರೆಗೆ ಕೇಳಿ ನೋಡಿ. ಕ್ಯಾಸೆಟ್ಟುಗಳನ್ನೂ ಎಸೆಯಬೇಡಿ: ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಯಲ್ಲಿ ನಿಲ್ಲಿಸಿ, ಸ್ಪೀಕರಿನ ಅಯಸ್ಕಾಂತದಿಂದ ದೂರ ಇಡಿ.