ಲೂಥರನ್ ಶಾಲೆಗೆ ಸೇರಿಸಬಹುದಾ? ಸೇಂಟ್ ಲೂಯಿಸ್‌ಗೆ ಹೊಸದಾಗಿ ಬಂದವರಿಗೆ, ಎಂಟನೇ ಕ್ಲಾಸ್ ಮುಗಿಸಿದವಳಿಂದ

ಈ ಊರಿಗೆ ಬಂದ ಕನ್ನಡದ ಮನೆಗಳಲ್ಲಿ ಶಾಲೆಯ ಮಾತು ಎದ್ದರೆ ಮೊದಲು ಕೇಳಿಸುವುದು ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಹೆಸರು. ಬಾಡಿಗೆ ಮನೆ ಹುಡುಕುವುದೂ ಅದನ್ನೇ ನೋಡಿಕೊಂಡು. ಆದರೆ ಬೇಸಿಗೆ ಬಂತೆಂದರೆ ನಮ್ಮ ಕನ್ನಡ ಸಂಘಕ್ಕೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: ‘ಮನೆ ಹತ್ತಿರ ಒಂದು ಲೂಥರನ್ ಶಾಲೆ ಇದೆ, ಕ್ಲಾಸಿನಲ್ಲಿ ಮಕ್ಕಳು ಕಡಿಮೆ, ಚೆನ್ನಾಗಿ ನೋಡಿಕೊಳ್ತಾರಂತೆ. ನಮ್ಮಂಥವರು ಸೇರಿಸಬಹುದಾ?’ ನಾನು ಎರಡನೇ ಕ್ಲಾಸಿನಿಂದ ಎಂಟರವರೆಗೆ ಅಂಥದೊಂದು ಶಾಲೆಯಲ್ಲಿ ಓದಿ ಈ ಮೇ ತಿಂಗಳಲ್ಲಿ ಗ್ರ್ಯಾಜುಯೇಟ್ ಆದೆ. ಅದಕ್ಕೇ ಸಂಘದವರು ಉತ್ತರ ಬರೆಯುವ ಕೆಲಸ ನನಗೆ ಕೊಟ್ಟರು. ಫೀಸು, ತೆರಿಗೆ, ಲಸಿಕೆ ವಿಷಯಗಳನ್ನು ಅಪ್ಪ ಪಕ್ಕದಲ್ಲಿ ಕೂತು ಹೇಳಿದ್ದಾರೆ. ಉಳಿದದ್ದೆಲ್ಲ ನನ್ನ ಮಾತು.

ಸೇರಿಸಬಹುದು. ಲೂಥರನ್ನರು ಅಂದರೆ ಮಾರ್ಟಿನ್ ಲೂಥರ್ ಹಾದಿಯ ಪ್ರಾಟೆಸ್ಟಂಟ್ ಕ್ರೈಸ್ತರು; ಬೇರೆ ಧರ್ಮದ ಮಕ್ಕಳನ್ನೂ ಅವರ ಶಾಲೆಗಳು ತೆಗೆದುಕೊಳ್ಳುತ್ತವೆ. ಎಚ್-4 ವೀಸಾದ (ಎಚ್-1ಬಿಯಂಥ ಕೆಲಸದ ವೀಸಾದವರ ಮನೆಯವರಿಗೆ ಕೊಡುವುದು) ಮೇಲೆ ಬಂದ ಮಕ್ಕಳಿಗೆ ವಿದ್ಯಾರ್ಥಿ ವೀಸಾ ಬೇಕಿಲ್ಲ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಅಲ್ಲಿ ಧರ್ಮ ಅಂದರೆ ಗೋಡೆಯ ಮೇಲೆ ತೂಗುಹಾಕಿದ ಶಿಲುಬೆ ಮಾತ್ರ ಅಲ್ಲ. ನಮ್ಮ ಶಾಲೆಯಲ್ಲಿ ದಿನದ ಮೊದಲ ಪೀರಿಯಡ್ಡೇ ಅದು. ಅದಕ್ಕೆ ಪಾಠ ಇದೆ, ಬಾಯಿಪಾಠ ಇದೆ, ಮಾರ್ಕ್ಸ್ ಇದೆ. ‘ಅದೊಂದು ಇದ್ದರೆ ಇರಲಿ ಬಿಡಿ, ಗಣಿತ ಚೆನ್ನಾಗಿ ಹೇಳಿಕೊಟ್ಟರೆ ಸಾಕು’ ಅಂತ ದಯವಿಟ್ಟು ಸೇರಿಸಬೇಡಿ. ಕೇಳಿ, ನೋಡಿ, ಮನೆಯಲ್ಲಿ ಮಕ್ಕಳ ಜೊತೆ ಕೂತು ಮಾತಾಡಿ, ಆಮೇಲೆ ಸೇರಿಸಿ. ಕಣ್ಣು ಬಿಟ್ಟುಕೊಂಡು ಸೇರಿಸಿದ ಮನೆಯ ಮಕ್ಕಳು ಅಲ್ಲಿ ಚೆನ್ನಾಗಿ ಬೆಳೆಯುತ್ತಾರೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಊಟದ ಮೇಜಿನಲ್ಲಿ ಒಬ್ಬ ಹುಡುಗ, ‘ನೀನು ಸ್ವರ್ಗಕ್ಕೆ ಹೋಗಲ್ಲ ಅಲ್ವಾ?’ ಅಂತ ಕೇಳಿದ. ಕೆಣಕುವುದಕ್ಕಲ್ಲ, ನಿಜವಾಗಿ ಚಿಂತೆಯಾಗಿ ಕೇಳಿದ. ಮನೆಗೆ ಬಂದು ಅತ್ತುಬಿಟ್ಟೆ. ಮರುದಿನ ಅಮ್ಮ ಟೀಚರ್ ಹತ್ತಿರ ಹೋದರು. ಟೀಚರ್ ಸುತ್ತಿಬಳಸಿ ಏನೂ ಹೇಳಲಿಲ್ಲ. ‘ಯೇಸುವಿನ ಮೂಲಕವೇ ಮುಕ್ತಿ ಅಂತ ನಮ್ಮ ಚರ್ಚ್ ಕಲಿಸುತ್ತದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಆ ಮಾತಿನಿಂದ ನಿಮ್ಮ ಮಗಳನ್ನು ಯಾರೂ ನೋಯಿಸದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ’ ಅಂದರು. ಆ ಮಾತನ್ನು ಅವರು ಎಂಟನೇ ಕ್ಲಾಸಿನವರೆಗೂ ಉಳಿಸಿಕೊಂಡರು. ಅವತ್ತು ರಾತ್ರಿ ಅಮ್ಮ ನಮ್ಮ ಮನೆಯ ನಂಬಿಕೆ ಏನು ಅಂತ ಮೊದಲ ಸಲ ನನಗೆ ಬಿಡಿಸಿ ಹೇಳಿದರು. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ. ಅದು ಬರುವ ಮುಂಚೆಯೇ ಆ ಮಾತು ಆಡಿಬಿಡಿ.

ಈ ಶಾಲೆಗಳು ಯಾರವು ಅನ್ನುವುದೂ ಗೊತ್ತಿರಬೇಕು. 1839ರಲ್ಲಿ ಜರ್ಮನಿಯ ಸ್ಯಾಕ್ಸನಿಯಿಂದ ಬಂದ ಲೂಥರನ್ನರು ಸೇಂಟ್ ಲೂಯಿಸ್‌ನಲ್ಲೂ ಇಲ್ಲಿಂದ ದಕ್ಷಿಣಕ್ಕಿರುವ ಪೆರ್ರಿ ಕೌಂಟಿಯಲ್ಲೂ ನೆಲೆಸಿದರು. 1847ರಲ್ಲಿ ಷಿಕಾಗೋದಲ್ಲಿ ಅವರೂ ಇನ್ನಿತರ ಜರ್ಮನ್ ಲೂಥರನ್ನರೂ ಸೇರಿ ಕಟ್ಟಿಕೊಂಡ ಒಕ್ಕೂಟವೇ ಇಂದಿನ ಮಿಸೌರಿ ಸಿನಡ್. ಅದರ ಮುಖ್ಯ ಕಚೇರಿ ನಮ್ಮ ಕರ್ಕ್‌ವುಡ್‌ನಲ್ಲೇ ಇದೆ. ಈ ಸುತ್ತಮುತ್ತ ಇಷ್ಟೊಂದು ಲೂಥರನ್ ಶಾಲೆಗಳಿರುವುದಕ್ಕೆ ಇದೇ ಕಾರಣ. ವಿಸ್ಕಾನ್ಸಿನ್ ಸಿನಡ್, ಇಎಲ್‌ಸಿಎ ಬೇರೆ ಬೇರೆ ಒಕ್ಕೂಟಗಳು, ರೀತಿನೀತಿಯೂ ಬೇರೆ. ಹಾಗಾಗಿ ‘ಲೂಥರನ್’ ಅಂತ ಬೋರ್ಡ್ ನೋಡಿದಾಗ ಯಾವ ಸಿನಡ್ ಅಂತ ಕೇಳಿ.

ಆ ಜರ್ಮನ್ನರು ಶಾಲೆ ಕಟ್ಟಿದ್ದು ನಂಬಿಕೆಯ ಜೊತೆಗೆ ತಮ್ಮ ಭಾಷೆಯನ್ನೂ ಉಳಿಸಿಕೊಳ್ಳಲು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಅಂದರೆ ಸಿಟ್ಟು ಬರುವ ಕಾಲ ಬಂತು. 1919ರಲ್ಲಿ ನೆಬ್ರಾಸ್ಕ ರಾಜ್ಯ, ಎಂಟನೇ ಕ್ಲಾಸ್ ಮುಗಿಸದ ಮಕ್ಕಳಿಗೆ ಇಂಗ್ಲಿಷ್ ಅಲ್ಲದ ಭಾಷೆ ಕಲಿಸಬಾರದು ಅಂತ ಕಾನೂನು ಮಾಡಿತು. ಮರುವರ್ಷ ಹ್ಯಾಂಪ್ಟನ್ ಎಂಬ ಸಣ್ಣ ಊರಿನ ಲೂಥರನ್ ಶಾಲೆಯ ಮೇಷ್ಟ್ರು ರಾಬರ್ಟ್ ಮೇಯರ್ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಲು ಕಲಿಸಿ ಸಿಕ್ಕಿಬಿದ್ದರು, 25 ಡಾಲರ್ ದಂಡ ಬಿತ್ತು. ಅವರು ಸುಮ್ಮನಿರಲಿಲ್ಲ, ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1923ರ ಜೂನ್‌ನಲ್ಲಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟು ಆ ಕಾನೂನನ್ನು ಹೊಡೆದುಹಾಕಿತು. ಇದನ್ನು ಸೋಷಿಯಲ್ ಸ್ಟಡೀಸ್ ಕ್ಲಾಸಿನಲ್ಲಿ ಕೇಳಿದಾಗ ನನಗೆ ಮೈ ಜುಂ ಅಂದಿತು. ಭಾನುವಾರ ನಾವು ಸಂಘದ ಕನ್ನಡ ತರಗತಿಯಲ್ಲಿ ಕಾಗುಣಿತ ತಿದ್ದುವುದನ್ನು ಈ ದೇಶದಲ್ಲಿ ಯಾರೂ ತಡೆಯಲಾರರು ಅನ್ನುವುದರ ಹಿಂದೆ ಒಬ್ಬ ಲೂಥರನ್ ಮೇಷ್ಟ್ರ ಹಟವೂ ಇದೆ.

ನಮ್ಮ ಅಜ್ಜ ಓದಿದ್ದು ಧಾರವಾಡದ ಬಾಸೆಲ್ ಮಿಷನ್ ಹೈಸ್ಕೂಲಿನಲ್ಲಿ. ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಅದೇ ಮಿಷನ್‌ನವರು. ಆ ಮಿಷನ್ನಿಗೂ ಇಲ್ಲಿನ ಸಿನಡ್‌ಗೂ ನೇರ ಸಂಬಂಧ ಇಲ್ಲ. ಆದರೂ ನನ್ನನ್ನು ಸೇರಿಸುವಾಗ ಮನೆಯಲ್ಲಿ ಎಲ್ಲರೂ ಅನುಮಾನಪಟ್ಟರೆ, ಅಜ್ಜ ಒಬ್ಬರೇ ಫೋನಿನಲ್ಲಿ ‘ಸೇರಿಸ್ರಿ, ಏನೂ ಆಗಂಗಿಲ್ಲ’ ಅಂದರು.

ಇನ್ನು ದಿನದ ವಿಷಯ. ಹಳದಿ ಬಸ್ಸು ಸಾಮಾನ್ಯವಾಗಿ ಇರುವುದಿಲ್ಲ. ಬಿಡುವುದು, ಕರೆತರುವುದು ನಿಮ್ಮದೇ. ಊಟದ ಡಬ್ಬಿ ಕಟ್ಟುವ ಮುಂಚೆ ಕಡಲೆಕಾಯಿ ನಿಯಮ ಕೇಳಿ. ನಮ್ಮ ಹುಬ್ಬಳ್ಳಿ ಕಡೆಯವರ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಇದ್ದೇ ಇರುತ್ತದೆ, ಅಲರ್ಜಿ ಇರುವ ಮಗು ಪಕ್ಕದಲ್ಲಿದ್ದರೆ ಅದು ಜೀವದ ಪ್ರಶ್ನೆ. ಅಮ್ಮ ಪುಟಾಣಿ ಚಟ್ನಿಪುಡಿಗೆ ಬದಲಾಯಿಸಿದರು. ಹಬ್ಬಕ್ಕೆ ರಜೆ ಬೇಕಾದರೆ ಮುಂಚೆಯೇ ಚೀಟಿ ಕೊಡಿ. ದೀಪಾವಳಿಯ ಬಗ್ಗೆ ಕ್ಲಾಸಿನಲ್ಲಿ ಹೇಳು ಅಂತ ಟೀಚರೇ ನನ್ನನ್ನು ಕರೆಯುತ್ತಿದ್ದರು.

ವಾರಕ್ಕೊಮ್ಮೆ ಚಾಪೆಲ್ ಇರುತ್ತದೆ, ಹೆಚ್ಚಿನ ಕಡೆ ಬುಧವಾರ. ಹಾಡು, ಪ್ರಾರ್ಥನೆ, ಪಾದ್ರಿಯವರ ಚಿಕ್ಕ ಮಾತು. ಎಲ್ಲರೂ ಕೂರಬೇಕು; ಪ್ರಾರ್ಥನೆಯ ಮಾತುಗಳನ್ನು ಹೇಳಲೇಬೇಕು ಅಂತ ನನ್ನನ್ನು ಯಾರೂ ಒತ್ತಾಯಿಸಲಿಲ್ಲ. ಎಂಟನೆಯವರು ಕಿಂಡರ್‌ಗಾರ್ಟನ್ ಮಕ್ಕಳ ಜೊತೆ ಜೋಡಿಯಾಗಿ ಕೂರುವುದು ನಮ್ಮಲ್ಲಿ ರೂಢಿ. ನನ್ನ ಜೊತೆಯವಳು ಬುಧವಾರ ಬಾಗಿಲಲ್ಲೇ ಕಾದು ನಿಂತಿರುತ್ತಿದ್ದಳು, ಬೆರಳು ಹಿಡಿದರೆ ಕೊನೆಯವರೆಗೂ ಬಿಡುತ್ತಿರಲಿಲ್ಲ. ಶೂ ಲೇಸು ಕಟ್ಟಿ ಕೊಡುವುದು, ಪುಸ್ತಕದಲ್ಲಿ ಹಾಡಿನ ನಂಬರ್ ತೋರಿಸುವುದು ನನ್ನ ಕೆಲಸ. ಇಷ್ಟು ವರ್ಷಗಳಲ್ಲಿ ಶಾಲೆ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು ಅಂತ ನನಗೆ ಅನಿಸುತ್ತದೆ.

ಮಕ್ಕಳು ಹಾಡುವ ಭಾನುವಾರ ಮನೆಯವರನ್ನೂ ಚರ್ಚಿಗೆ ಕರೆಯುತ್ತಾರೆ, ಖಂಡಿತ ಹೋಗಿ. ಅಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಎಲ್ಲರೂ ಸಾಲಿನಲ್ಲಿ ಎದ್ದು ಹೋಗುತ್ತಾರೆ. ಅಜ್ಜಿ ಬಂದಿದ್ದಾಗ ತೀರ್ಥ ತೆಗೆದುಕೊಳ್ಳುವ ಹಾಗೆ ಭಕ್ತಿಯಿಂದ ಎದ್ದು ನಿಂತರು. ಅಪ್ಪ ಮೆಲ್ಲಗೆ ಕೂರಿಸಿದರು. ಮಿಸೌರಿ ಸಿನಡ್‌ನಲ್ಲಿ ಅದು ಸಾಮಾನ್ಯವಾಗಿ ಆ ಸಿನಡ್‌ನ ಚರ್ಚುಗಳಲ್ಲಿ ಉಪದೇಶ ಪಡೆದ ಸದಸ್ಯರಿಗೆ ಮಾತ್ರ. ಸುಮ್ಮನೆ ಕೂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಏಳು, ಎಂಟನೇ ಕ್ಲಾಸಿನಲ್ಲಿ ಲೂಥರ್ 1529ರಲ್ಲಿ ಬರೆದ ಸಣ್ಣ ಕ್ಯಾಟೆಕಿಸಂ (ಪ್ರಶ್ನೋತ್ತರದ ರೂಪದ ಧರ್ಮಪಾಠ) ಬಾಯಿಪಾಠ ಆಗಬೇಕು. ಚಿಕ್ಕಂದಿನಿಂದ ಅಜ್ಜಿಯ ಹತ್ತಿರ ವಚನ ಬಾಯಿಪಾಠ ಮಾಡಿದ್ದರಿಂದ ನನಗೆ ಇದು ಕಷ್ಟ ಆಗಲಿಲ್ಲ. ಎಂಟನೇ ಕ್ಲಾಸಿನ ವಸಂತದಲ್ಲಿ ಗೆಳೆಯರಿಗೆಲ್ಲ ಕನ್ಫರ್ಮೇಶನ್ (ಚರ್ಚಿನ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿ) ಆಯಿತು: ಬಿಳಿ ನಿಲುವಂಗಿ, ಎದೆಗೆ ಕೆಂಪು ಹೂವು. ಅದು ಚರ್ಚಿಗೆ ಸೇರಿದ್ದು, ಶಾಲೆಯ ಗ್ರ್ಯಾಜುಯೇಶನ್‌ಗೆ ಬೇಕಾದದ್ದಲ್ಲ. ನಾನು ಅಪ್ಪ ಅಮ್ಮನ ಜೊತೆ ಬೆಂಚಿನಲ್ಲಿ ಕೂತು ನೋಡಿದೆ. ಸ್ವಲ್ಪ ಒಂಟಿ ಅನಿಸಿತು, ಸುಳ್ಳು ಹೇಳುವುದಿಲ್ಲ. ಮುಗಿದ ಮೇಲೆ ಗೆಳತಿಯರು ಓಡಿ ಬಂದು ಫೋಟೋಕ್ಕೆ ಎಳೆದುಕೊಂಡು ಹೋದರು.

ಫೀಸಿನ ಬಗ್ಗೆ ಅಪ್ಪ ಹೇಳಿದ್ದು: ಆ ಚರ್ಚಿನ ಸದಸ್ಯರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು; ಇಬ್ಬರು ಮಕ್ಕಳಿದ್ದರೆ ರಿಯಾಯಿತಿ ಕೇಳಿ. ಫೀಸನ್ನು ದೇಣಿಗೆ ಅಂತ ತೆರಿಗೆಯಲ್ಲಿ ತೋರಿಸುವಂತಿಲ್ಲ. 2018ರಿಂದ 529 ಖಾತೆಯ (ಓದಿಗೆಂದು ಉಳಿತಾಯ ಮಾಡುವ ಖಾತೆ) ಹಣವನ್ನು ಶಾಲಾ ಫೀಸಿಗೂ ಮಿತಿಯೊಳಗೆ ಬಳಸಬಹುದು. ಹದಿಮೂರು ತುಂಬದ ಮಕ್ಕಳ ಶಾಲೆ ಬಿಟ್ಟ ಮೇಲಿನ ಆಫ್ಟರ್‌ಕೇರ್ ಖರ್ಚಿಗೆ, ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದರೆ, ತೆರಿಗೆ ಕ್ರೆಡಿಟ್ ಸಿಗಬಹುದು, ರಸೀದಿ ಇಟ್ಟುಕೊಳ್ಳಿ. ಖಾಸಗಿ ಶಾಲೆಗೂ ಲಸಿಕೆಯ ದಾಖಲೆ ಬೇಕೇ ಬೇಕು. ಊರಿನ ಲಸಿಕೆ ಕಾರ್ಡನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲೇ ತನ್ನಿ. ಮಿಸೌರಿಯಲ್ಲಿ ಎಂಟನೇ ಕ್ಲಾಸಿಗೆ ಟಿಡ್ಯಾಪ್, ಮೆನಿಂಗೊಕಾಕಲ್ ಎರಡೂ ಕೇಳುತ್ತಾರೆ.

ಎಲ್ಲ ಮಕ್ಕಳಿಗೂ ಈ ಶಾಲೆ ಹೊಂದುವುದಿಲ್ಲ. ನಿಮ್ಮ ಮಗುವಿಗೆ ಇಂಗ್ಲಿಷ್ ಇನ್ನೂ ಬಾರದಿದ್ದರೆ ಮೊದಲು ಪಬ್ಲಿಕ್ ಶಾಲೆ ನೋಡಿ ಅಂತಲೇ ನಾನು ಹೇಳುವುದು. ಅಲ್ಲಿ ಇಂಗ್ಲಿಷ್ ಕಲಿಯುವವರಿಗೆ ನೆರವು ಕೊಡಲೇಬೇಕೆಂದು ಕಾನೂನಿದೆ. ಸಣ್ಣ ಲೂಥರನ್ ಶಾಲೆಗಳಲ್ಲಿ ಅದಕ್ಕೆಂದೇ ಟೀಚರ್ ಇರುವುದು ಅಪರೂಪ. ಓದು, ಮಾತಿನಲ್ಲಿ ವಿಶೇಷ ಸಹಾಯ ಬೇಕಾದ ಮಕ್ಕಳಿಗೂ ಇದೇ ಮಾತು. ಸೇಂಟ್ ಲೂಯಿಸ್ ಕೌಂಟಿಯಲ್ಲಿರುವವರು ಸ್ಪೆಷಲ್ ಸ್ಕೂಲ್ ಡಿಸ್ಟ್ರಿಕ್ಟ್‌ನವರನ್ನು ವಿಚಾರಿಸಿ. ನಮ್ಮ ಶಾಲೆಯಲ್ಲಿ ಆರ್ಕೆಸ್ಟ್ರಾ ಇರಲಿಲ್ಲ, ಲ್ಯಾಬ್ ಚಿಕ್ಕದು. ಆದರೆ ಮಕ್ಕಳು ಕಡಿಮೆ ಇದ್ದದ್ದರಿಂದ ವಾಲಿಬಾಲ್ ಟೀಮಿಗೆ ಎಲ್ಲರೂ ಬೇಕಿತ್ತು, ಬಾಲ್ ಕಂಡರೆ ಹೆದರುತ್ತಿದ್ದ ನಾನೂ ಆಡಿದೆ.

ಹೈಸ್ಕೂಲಿನ ಯೋಚನೆಯನ್ನು ಏಳನೇ ಕ್ಲಾಸಿನಲ್ಲೇ ಶುರು ಮಾಡಿ. ಲೂಥರನ್ ಹೈಸ್ಕೂಲುಗಳೂ ಇಲ್ಲಿವೆ; ನಾನು ಪಬ್ಲಿಕ್ ಹೈಸ್ಕೂಲಿಗೆ ಹೋಗುತ್ತಿದ್ದೇನೆ. ಅದಕ್ಕೆ ಮನೆ ವಿಳಾಸದ ದಾಖಲೆ, ಹಳೆ ಶಾಲೆಯ ಅಂಕಪಟ್ಟಿ, ಲಸಿಕೆ ಪತ್ರ ಬೇಕು. ಎಂಟನೇ ಕ್ಲಾಸಿನಲ್ಲಿ ಆಲ್ಜೀಬ್ರ ಮುಗಿಸಿದ್ದರೆ ಹೈಸ್ಕೂಲಿನ ಪ್ಲೇಸ್‌ಮೆಂಟ್ ಪರೀಕ್ಷೆ ಯಾವಾಗ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಅದೇ ಗಣಿತ ಮತ್ತೆ ಮಾಡಬೇಕಾದೀತು.

ಶಾಲೆ ನೋಡಲು ಹೋಗುವುದಾದರೆ ಚಾಪೆಲ್ ಇರುವ ದಿನವೇ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ಮಗುವಿಗೆ ಏನಾದರೂ ಕೇಳುವುದಿದ್ದರೆ ಭಾನುವಾರದ ಕನ್ನಡ ತರಗತಿಗೆ ಕರೆತನ್ನಿ. ಈ ಬೇಸಿಗೆಯೆಲ್ಲ ಚಿಕ್ಕವರಿಗೆ ಅಕ್ಷರ ಬರೆಸಲು ನಾನು ಅಲ್ಲಿರುತ್ತೇನೆ.