ಖಾತೆ ಲಕ್ಷ್ಮೀದೇವಿಯದು, ಮರಣ ಪ್ರಮಾಣಪತ್ರ ಪದ್ಮಾವತಿಯದು: ಎಕ್ಸಿಕ್ಯೂಟರ್ ಆಗಿ ನನ್ನ ಅನುಭವ

ತೀರಿಕೊಂಡವರ ಹೆಸರು ಬ್ಯಾಂಕ್ ಖಾತೆಯಲ್ಲಿ ಒಂದು, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಎಲ್ಲರೂ ಕೊಡುವ ಸಲಹೆ ಒಂದೇ: ‘ಇಬ್ಬರೂ ಒಬ್ಬರೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ.’ ಸೋದರತ್ತೆಯ ಉಯಿಲಿಗೆ ಎಕ್ಸಿಕ್ಯೂಟರ್ (ಉಯಿಲಿನಲ್ಲಿ ಹೇಳಿದ್ದನ್ನು ನಡೆಸಿಕೊಡಲು ಅದರಲ್ಲೇ ನೇಮಿಸಿದ ವ್ಯಕ್ತಿ) ಆಗಿ ಓಡಾಡಿದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ. ಅಫಿಡವಿಟ್ ಬೇಕು, ಆದರೆ ಅದು ಕೊನೆಯ ಕಾಗದ. ನಾನು ಇಂದು ಬರೆದು ಸಹಿ ಹಾಕುವ ಮಾತಿಗಿಂತ, ಅವರು ಬದುಕಿದ್ದಾಗಲೇ ಆದ, ಎರಡೂ ಹೆಸರು ಕೂಡುವ ಒಂದು ಹಳೆಯ ದಾಖಲೆಗೆ ಬ್ಯಾಂಕಿನಲ್ಲಿ ಬೆಲೆ ಹೆಚ್ಚು.

ಅತ್ತೆಗೆ ತವರಿನಲ್ಲಿ ಇಟ್ಟ ಹೆಸರು ಪದ್ಮಾವತಿ. ಮದುವೆಯಲ್ಲಿ ಗಂಡನ ಮನೆಯವರು ಲಕ್ಷ್ಮೀದೇವಿ ಎಂದು ಬದಲಾಯಿಸಿದರು. ಆ ಕಾಲದಲ್ಲಿ ಇದು ಅಪರೂಪವೇನಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲಾ ಶಿಕ್ಷಕಿಯಾಗಿದ್ದಾಗಿನ ಸೇವಾ ಪುಸ್ತಕ, ಪಿಂಚಣಿ, ಪ್ಯಾನ್, ಆಧಾರ್ ಎಲ್ಲವೂ ಪದ್ಮಾವತಿ. ಮಾವ ಮಾಡಿಸಿದ ರೇಷನ್ ಕಾರ್ಡ್, ಅವರೇ ತೆರೆಸಿದ ಒಂದು ಉಳಿತಾಯ ಖಾತೆ, ಅದೇ ಶಾಖೆಯ ನಿಶ್ಚಿತ ಠೇವಣಿ ಮಾತ್ರ ಲಕ್ಷ್ಮೀದೇವಿ. ಮರಣ ಪ್ರಮಾಣಪತ್ರ ಆಧಾರ್ ನೋಡಿ ಬರೆದದ್ದರಿಂದ ಅದು ಪದ್ಮಾವತಿಯಾಯಿತು. ನಾಮಿನಿಯಾಗಿದ್ದವರು ಮಾವ, ಅವರು ಅತ್ತೆಗಿಂತ ಮೊದಲೇ ಹೋಗಿದ್ದರು. ಹಾಗಾಗಿ ಕ್ಲೇಮ್ ಸಲ್ಲಿಸಬೇಕಾದವನು ಉಯಿಲಿನ ಬಲದ ಮೇಲೆ ನಾನು.

ಬ್ಯಾಂಕಿನ ಅಧಿಕಾರಿ ಕಾಗದಗಳನ್ನು ಎರಡು ಸಲ ತಿರುವಿ, “ಸಾರ್, ಈ ಹೆಸರಿನ ಗ್ರಾಹಕರು ತೀರಿಕೊಂಡಿದ್ದಾರೆ ಎನ್ನುವುದಕ್ಕೆ ನಿಮ್ಮ ಹತ್ತಿರ ದಾಖಲೆಯೇ ಇಲ್ಲವಲ್ಲ” ಎಂದರು. ಸಿಟ್ಟು ಬಂತು, ಆದರೆ ಅವರ ಮಾತು ಸರಿಯಾಗಿಯೇ ಇತ್ತು. ನಾಳೆ ನಿಜವಾದ ಇನ್ನೊಬ್ಬ ಲಕ್ಷ್ಮೀದೇವಿ ಬಂದು ಕೌಂಟರ್ ಮುಂದೆ ನಿಂತರೆ ಉತ್ತರಿಸಬೇಕಾದವರು ಅವರು.

ಮರಣ ಪ್ರಮಾಣಪತ್ರವನ್ನೇ ತಿದ್ದಿಸಿ ಎಂದು ಕೆಲವರು ಹೇಳಿದರು. 1969ರ ಜನನ ಮರಣ ನೋಂದಣಿ ಅಧಿನಿಯಮದ 15ನೇ ಕಲಮಿನಲ್ಲಿ ತಿದ್ದುಪಡಿಗೆ ಅವಕಾಶವಿರುವುದು ನಿಜ. ನಾನು ಆ ದಾರಿ ಹಿಡಿಯಲಿಲ್ಲ. ಆ ಕಲಂ ಇರುವುದು ತಪ್ಪಾಗಿ ದಾಖಲಾದದ್ದನ್ನು ಸರಿಪಡಿಸಲು, ಇಲ್ಲಿ ದಾಖಲಾದದ್ದು ತಪ್ಪೇ ಅಲ್ಲ. ಮೇಲಾಗಿ, ಈ ಒಂದು ಬ್ಯಾಂಕಿಗಾಗಿ ಲಕ್ಷ್ಮೀದೇವಿ ಎಂದು ಬದಲಾಯಿಸಿದರೆ ಪಿಂಚಣಿ, ಪ್ಯಾನ್, ಪಿಂಚಣಿ ಬರುತ್ತಿದ್ದ ಇನ್ನೊಂದು ಖಾತೆ ಎಲ್ಲ ಕಡೆಯೂ ಹೊಸ ತಕರಾರು ಏಳುತ್ತದೆ. ಒಂದು ತೂತು ಮುಚ್ಚಲು ನಾಲ್ಕು ತೂತು ಕೊರೆದಂತೆ.

ಆದ್ದರಿಂದ ಅತ್ತೆಯ ಕಬ್ಬಿಣದ ಪೆಟ್ಟಿಗೆಯನ್ನು ಮನೆ ಹಜಾರದಲ್ಲಿ ಸುರಿದು ಕುಳಿತೆ. ಸಿಕ್ಕ ಮೊದಲ ಆಧಾರ ಮಾವನ ಅಣ್ಣತಮ್ಮಂದಿರ ನಡುವಿನ ನೋಂದಾಯಿತ ವಿಭಾಗ ಪತ್ರ. ಅದರಲ್ಲಿ ಅತ್ತೆ ಒಬ್ಬ ಸಾಕ್ಷಿ. ಬರೆದವರು ಹಳೆಯ ಕಾಲದ ಪತ್ರಬರಹಗಾರರಾದ್ದರಿಂದ ‘ಪದ್ಮಾವತಿ ಉರುಫ್ ಲಕ್ಷ್ಮೀದೇವಿ’ ಎಂದು ಗಂಡನ ಹೆಸರು, ಊರಿನ ಸಮೇತ ನಮೂದಿಸಿದ್ದರು. ಉಪನೋಂದಣಾಧಿಕಾರಿ ಕಚೇರಿಯಿಂದ ಅದರ ದೃಢೀಕೃತ ನಕಲು ತೆಗೆಸಿದೆ. ಮನೆಯಲ್ಲಿನ ಜೆರಾಕ್ಸ್ ಪ್ರತಿಗೆ ಯಾರೂ ಬೆಲೆ ಕೊಡುವುದಿಲ್ಲ.

ಎರಡನೆಯ ಆಧಾರ ಬ್ಯಾಂಕಿನೊಳಗೇ ಇತ್ತು. ಖಾತೆ ತೆರೆದಾಗಿನ ಅರ್ಜಿ ಮತ್ತು ಮಾದರಿ ಸಹಿಯ ಕಾರ್ಡನ್ನು ತೆಗೆದು ನೋಡಬೇಕೆಂದು ಲಿಖಿತವಾಗಿ ಕೇಳಿದೆ. ಬಾಯಿಮಾತಿನಲ್ಲಿ ಕೇಳಿದಾಗ ‘ಹಳೆಯ ದಾಖಲೆ, ಸಿಗುವುದಿಲ್ಲ’ ಎಂದಿದ್ದವರು ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪತ್ರ ಕೊಟ್ಟ ಮೇಲೆ ಹುಡುಕಿದರು. ಅರ್ಜಿಯ ಮೂಲೆಯಲ್ಲಿ ಸ್ಟೇಪಲ್ ಪಿನ್ನಿನ ತುಕ್ಕು ಅತ್ತೆಯ ಫೋಟೋದ ಹಣೆಯವರೆಗೂ ಹಬ್ಬಿತ್ತು. ಹೆಸರಿನ ಜಾಗದಲ್ಲಿ ಮಾವನ ಕೈಬರಹದಲ್ಲಿ ಲಕ್ಷ್ಮೀದೇವಿ. ಕೆಳಗೆ ಸಹಿ ಮಾತ್ರ, ಹಾಜರಿ ಪುಸ್ತಕದಲ್ಲಿ ದಿನವೂ ಹಾಕುತ್ತಿದ್ದ ದುಂಡನೆಯ ‘ಪದ್ಮಾವತಿ’! ಇಷ್ಟು ವರ್ಷ ಅದೇ ಸಹಿಗೆ ಬ್ಯಾಂಕು ಹಣ ಕೊಟ್ಟಿತ್ತು. ಆಮೇಲೆ ಕೆವೈಸಿಗೆಂದು ಪದ್ಮಾವತಿ ಹೆಸರಿನ ಆಧಾರ್ ಪ್ರತಿಯನ್ನು ಇದೇ ಖಾತೆಗೆ ತೆಗೆದುಕೊಂಡದ್ದೂ ಅದೇ ಕಡತದಲ್ಲಿತ್ತು. ಕಡತ ನೋಡಿದ ಅಧಿಕಾರಿಯ ದನಿ ಬದಲಾಯಿತು.

ಉಯಿಲಿನಲ್ಲಿ ಪದ್ಮಾವತಿ ಎಂದಷ್ಟೇ ಇದ್ದರೂ ಖಾತೆಯ ಸಂಖ್ಯೆ ಬರೆಸಿದ್ದು ನೆರವಾಯಿತು. ಇವೆಲ್ಲ ಕೈಗೆ ಬಂದ ಮೇಲೆ ಅಫಿಡವಿಟ್ ಮಾಡಿಸಿದೆ. ಅದರಲ್ಲಿ ಪ್ರತಿ ದಾಖಲೆಯ ಹೆಸರು, ದಿನಾಂಕ, ಸಂಖ್ಯೆಯನ್ನು ಉಲ್ಲೇಖಿಸಿ ‘ಈ ಎರಡೂ ಹೆಸರುಗಳು ಒಬ್ಬರವೇ’ ಎಂದು ಬರೆಸಿದೆ. ನೋಟರಿ ಬಳಿ ಇರುವ ಸಿದ್ಧ ನಮೂನೆಯಲ್ಲಿ ಇದು ಯಾವುದೂ ಇರುವುದಿಲ್ಲ, ಹಾಗಾಗಿ ಕರಡನ್ನು ನಾವೇ ಒಯ್ಯುವುದು ಒಳ್ಳೆಯದು.

ಪ್ರೊಬೇಟ್, ಅಂದರೆ ಉಯಿಲನ್ನು ನ್ಯಾಯಾಲಯ ದೃಢೀಕರಿಸಿ ಕೊಡುವ ಪತ್ರ, ತನ್ನಿ ಎಂಬ ಮಾತೂ ಬಂತು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 211ನೇ ಕಲಮಿನ ಪ್ರಕಾರ ಎಕ್ಸಿಕ್ಯೂಟರ್ ಮೃತರ ಕಾನೂನುಬದ್ಧ ಪ್ರತಿನಿಧಿ. ಕರ್ನಾಟಕದಲ್ಲೇ ಬರೆದ, ಇಲ್ಲಿನ ಆಸ್ತಿಗಷ್ಟೇ ಸಂಬಂಧಿಸಿದ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಇದನ್ನು ಪತ್ರದಲ್ಲಿ ಬರೆದು ಕೊಟ್ಟೆ. ವಾದದಿಂದಷ್ಟೇ ಕೆಲಸವಾಗಲಿಲ್ಲ ಎನ್ನಿ. ಅತ್ತೆಗೆ ಮಕ್ಕಳಿಲ್ಲ. ಉಯಿಲು ಇಲ್ಲದಿದ್ದರೆ ಮಾವನ ಕಡೆಯ ವಾರಸುದಾರರಿಗೂ ಹಕ್ಕು ಬರುತ್ತಿದ್ದುದರಿಂದ ಅವರ ನಿರಾಕ್ಷೇಪಣಾ ಪತ್ರ ಬೇಕೆಂದರು. ಮಾವನ ತಮ್ಮನ ಮಕ್ಕಳು ತಕರಾರಿಲ್ಲದೆ ಸಹಿ ಹಾಕಿದರು. ಅವರು ಮುನಿಸಿಕೊಂಡಿದ್ದರೆ ನ್ಯಾಯಾಲಯವೇ ಗತಿಯಾಗುತ್ತಿತ್ತು, ಈ ಬರಹವೂ ಬೇರೆಯಾಗುತ್ತಿತ್ತು. ಮುಂದೆ ಬೇರೆ ಹಕ್ಕುದಾರರು ಬಂದು ಬ್ಯಾಂಕಿಗೆ ನಷ್ಟವಾದರೆ ತುಂಬಿಕೊಡುತ್ತೇವೆ ಎಂಬ ನಷ್ಟಭರ್ತಿ ಬಾಂಡ್ ಕೊಡುವುದಂತೂ ಮಾಮೂಲು.

ಕಾಗದಗಳನ್ನು ಕೊಟ್ಟ ದಿನ ಪಟ್ಟಿ ಮಾಡಿ ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಎಲ್ಲ ದಾಖಲೆ ಕೈಸೇರಿದ 15 ದಿನದೊಳಗೆ ಠೇವಣಿಯ ಕ್ಲೇಮ್ ಇತ್ಯರ್ಥವಾಗಬೇಕು. 2025ರ ಸೆಪ್ಟೆಂಬರ್‌ನ ನಿರ್ದೇಶನಗಳಲ್ಲಿ ವಿಳಂಬಕ್ಕೆ ಬ್ಯಾಂಕ್ ದರದ ಮೇಲೆ ಶೇ 4ರಷ್ಟು ಸೇರಿಸಿ ಬಡ್ಡಿ ಕೊಡಬೇಕೆಂದಿದೆ. ನಾಮಿನಿ ಇಲ್ಲದ ಖಾತೆಗಳಿಗೆ, ನ್ಯಾಯಾಲಯದ ಪತ್ರ ಕೇಳದೆ ಇತ್ಯರ್ಥ ಮಾಡುವ ಸರಳ ವಿಧಾನದ ಮಿತಿ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿ. ದಿನ ಎಣಿಸುವುದು ‘ಎಲ್ಲ ದಾಖಲೆ’ ಸೇರಿದಲ್ಲಿಂದ ಆದ್ದರಿಂದಲೇ ಆ ಸ್ವೀಕೃತಿ ಮುಖ್ಯ. ಇಲ್ಲದಿದ್ದರೆ ವಾರಕ್ಕೊಂದು ಹೊಸ ಕಾಗದ ಕೇಳುತ್ತಾರೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಈ ನಡುವೆ ಸಂಬಂಧಿಕರೊಬ್ಬರು ‘ಎಟಿಎಂ ಕಾರ್ಡ್ ಇದೆಯಲ್ಲ, ತೆಗೆದುಬಿಡು’ ಎಂದರು. ಖಾತೆದಾರರು ಹೋದ ಮೇಲೆ ಅವರ ಕಾರ್ಡ್ ಬಳಸಿದರೆ, ನಾಳೆ ಲೆಕ್ಕ ಕೇಳಿದವರ ಮುಂದೆ ಎಕ್ಸಿಕ್ಯೂಟರ್ ಕಳ್ಳನಾಗುತ್ತಾನೆ. ಕಾರ್ಡನ್ನು ಬ್ಯಾಂಕಿಗೆ ಒಪ್ಪಿಸಿದೆ. ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿದರೂ ದಂಡ ಹಿಡಿಯಲಿಲ್ಲ. ಠೇವಣಿದಾರರ ಮರಣದ ಸಂದರ್ಭದಲ್ಲಿ ಹಿಡಿಯುವಂತಿಲ್ಲ.

ಹಣ ಬಂದ ಮೇಲೆ ಒಂದು ಕೆಲಸ ಉಳಿದಿತ್ತು. ಹತ್ತು ವರ್ಷ ಯಾರೂ ಮುಟ್ಟದ ಖಾತೆಗಳ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅವುಗಳನ್ನು ಹುಡುಕಲು 2023ರಿಂದ ಉದ್ಗಮ್ ಎಂಬ ಜಾಲತಾಣವಿದೆ. ಮಾವ ಇನ್ನೆಲ್ಲಾದರೂ ಖಾತೆ ತೆರೆಸಿರಬಹುದೆಂದು ಅಲ್ಲಿ ಎರಡೂ ಹೆಸರು ಹಾಕಿ, ಇಂಗ್ಲಿಷ್ ಕಾಗುಣಿತವನ್ನೂ ಬದಲಿಸಿ ಹುಡುಕಿದೆ. ಏನೂ ಸಿಗಲಿಲ್ಲ. ಅದನ್ನೂ ಲೆಕ್ಕಪತ್ರದಲ್ಲಿ ನಮೂದಿಸಿ, ಉಯಿಲಿನಲ್ಲಿದ್ದಂತೆ ಹಣ ಹಂಚಿ ಎಲ್ಲರಿಂದ ರಸೀದಿ ಪಡೆದೆ.