ನಾಲ್ಕನೇ ರೌಂಡಿನ ಗಂಟೆ

ನಾನು ರಂಗಭೂಮಿಗೆ ಬಂದು ಹದಿನಾರು ವರ್ಷಗಳಾಗಿದ್ದರೂ ರಂಗದ ಮೇಲೆ ಒಬ್ಬಳೇ ನಿಂತಿದ್ದು ಈ ಒಂದು ನಾಟಕದಲ್ಲಿ ಮಾತ್ರ. ಕಥೆ ದೊಡ್ಡದಲ್ಲ. ಹುಬ್ಬಳ್ಳಿಯ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು 54 ಕೆ.ಜಿ. ವಿಭಾಗದ ಬಾಕ್ಸರ್. ಅವಳನ್ನು ಈ ಆಟಕ್ಕೆ ಎಳೆದು ತಂದ ಅಕ್ಕ ರಸ್ತೆ ಅಪಘಾತದಲ್ಲಿ ತೀರಿಕೊಂಡ ಇಪ್ಪತ್ಮೂರನೆಯ ದಿನ ಅವಳು ಪಂದ್ಯವೊಂದಕ್ಕೆ ಇಳಿಯುತ್ತಾಳೆ. ಪಂದ್ಯದ ಮೂರು ರೌಂಡುಗಳು ಮತ್ತು ಅವುಗಳ ನಡುವಿನ ಒಂದೊಂದು ನಿಮಿಷದ ವಿಶ್ರಾಂತಿಯೇ ನಾಟಕದ ಚೌಕಟ್ಟು. ರೌಂಡುಗಳು ಗಡಿಯಾರದ ಲೆಕ್ಕದಲ್ಲಿ ಮೂರು ಮೂರು ನಿಮಿಷವೇ ನಡೆಯುತ್ತವೆ. ವಿಶ್ರಾಂತಿಯ ನಿಮಿಷಗಳು ಮಾತ್ರ ಹಿಗ್ಗಿ, ಇಪ್ಪತ್ತು ನಿಮಿಷಗಳಷ್ಟು ಉದ್ದದ ನೆನಪುಗಳಾಗುತ್ತವೆ. ಪಂದ್ಯಕ್ಕೆ ಮುಂಚಿನ ಸಿದ್ಧತೆಯ ದೃಶ್ಯವೂ ಸೇರಿ ಒಟ್ಟು 62 ನಿಮಿಷ.

ನಾನು ಬರೆದ ಮೊದಲ ರಂಗಪಠ್ಯ ಹೀಗಿರಲಿಲ್ಲ. ಅದರಲ್ಲಿ ಹುಡುಗಿ ಅಕ್ಕನ ಭಾವಚಿತ್ರದ ಮುಂದೆ ನಿಂತು ತನ್ನ ದುಃಖವನ್ನು ಮೂವತ್ತೆಂಟು ಪುಟಗಳ ತುಂಬ ವಿವರಿಸುತ್ತಿದ್ದಳು. ನನ್ನ ಗೆಳತಿಯೂ ಆಗಿರುವ ನಿರ್ದೇಶಕಿ ಅದನ್ನು ಒಂದೇ ಸಂಜೆ ಓದಿ ಮುಗಿಸಿ, ‘ಇದರಾಗ ಬಾಕ್ಸಿಂಗ್ ಎಲ್ಲೈತಿ? ಈ ಹುಡುಗಿ ಟೈಲರ್ ಆಗಿದ್ದರೂ ಇದ ಮಾತ ಆಡತಿದ್ಲು’ ಎಂದಳು. ಆ ಮಾತಿನಿಂದ ನನಗೆ ಸಿಟ್ಟು ಬಂದಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಹಾಗಾಗಿ ಪಠ್ಯವನ್ನು ಪೆಟ್ಟಿಗೆಯಲ್ಲಿಟ್ಟು, ಸೈನ್ಯದಿಂದ ನಿವೃತ್ತರಾಗಿ ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ ತರಬೇತುದಾರರೊಬ್ಬರ ಬಳಿ ಏಳು ತಿಂಗಳು ಕಲಿಯಲು ಹೋದೆ. ನನಗಾಗ ಮೂವತ್ತನಾಲ್ಕು, ನನ್ನ ಪಕ್ಕದಲ್ಲಿ ಸ್ಕಿಪ್ಪಿಂಗ್ ಮಾಡುತ್ತಿದ್ದ ಹುಡುಗಿಯರಿಗೆ ಹದಿನಾಲ್ಕು, ಹದಿನೈದು.

ಮೊದಲ ತಿಂಗಳು ಅವರು ನನಗೆ ನಿಲ್ಲುವುದನ್ನಷ್ಟೇ ಕಲಿಸಿದರು. ಎಡಗಾಲು ಮುಂದೆ, ಬಲಹಿಮ್ಮಡಿ ನೆಲದಿಂದ ತುಸು ಮೇಲೆ, ಗದ್ದ ಕೆಳಗೆ, ಎರಡೂ ಕೈ ಕೆನ್ನೆಯ ಹತ್ತಿರ. ಎರಡನೆಯ ತಿಂಗಳು ಚೀಲಕ್ಕೆ ಹೊಡೆಯಲು ಬಿಟ್ಟಾಗ ನಾನು ಮೂವತ್ತು ಸೆಕೆಂಡುಗಳಲ್ಲಿ ಬಸವಳಿದೆ. ಅವರು ಹತ್ತಿರ ಬಂದು, ‘ಅಕ್ಕಾರ, ನೀವು ಹೊಡಿಯೂ ಮುಂದ ಉಸರು ಹಿಡಕೊಳ್ಳಾಕತ್ತೀರಿ. ಉಸರು ಬಿಡ್ರಿ. ಇಲ್ಲಂದ್ರ ಆ ಹೊಡತ ನಿಮಗ ಬೀಳತೈತಿ’ ಎಂದರು. ಪ್ರತಿ ಪಂಚಿನೊಂದಿಗೂ ಬಾಕ್ಸರ್ ಚುಟುಕಾಗಿ ಉಸಿರನ್ನು ಹೊರಗೆ ತಳ್ಳುತ್ತಾಳೆ. ಮೂಗಿನಿಂದ ಬರುವ ಆ ‘ಹುಸ್’ ಸದ್ದನ್ನು ಪಂದ್ಯ ನೋಡಿದವರೆಲ್ಲ ಕೇಳಿರುತ್ತಾರೆ. ಮಾತೂ ಹೊರಗೆ ಬಿಡುವ ಉಸಿರಿನ ಮೇಲೆಯೇ ನಡೆಯುವಂಥದ್ದಾದ್ದರಿಂದ, ಕೈ ಮತ್ತು ನಾಲಗೆ ಒಂದೇ ಉಸಿರಿಗಾಗಿ ಜಗಳಕ್ಕೆ ನಿಲ್ಲುತ್ತವೆ. ಉದ್ದದ ವಾಕ್ಯವನ್ನು ಹೇಳುತ್ತ ನಿಜವಾಗಿ ಹೊಡೆಯಲು ಯಾರಿಂದಲೂ ಸಾಧ್ಯವಿಲ್ಲ. ಹೊಡೆದಂತೆ ನಟಿಸಿದರೆ ಮಾತ್ರ ಸಾಧ್ಯ.

ಇದು ತಿಳಿದ ಮೇಲೆ ರೌಂಡುಗಳ ಮಾತನ್ನೆಲ್ಲ ಉಸಿರಿನ ಅಳತೆಗೆ ತುಂಡರಿಸಿ ಬರೆದೆ. ‘ಅಪ್ಪ ಆವತ್ತು ಆಸ್ಪತ್ರೆಯ ಬಾಗಿಲಲ್ಲಿ ನಿಂತುಕೊಂಡು ಯಾರೊಂದಿಗೂ ಏನನ್ನೂ ಹೇಳಲಿಲ್ಲ’ ಎಂದಿದ್ದದ್ದು ‘ಅಪ್ಪ. ಬಾಗ್ಲಾಗ. ನಿಂತಿದ್ದ.’ ಎಂದಾಯಿತು: ಜ್ಯಾಬ್ (ಮುಂದಿರುವ ಎಡಗೈಯ ಚುಟುಕು ಹೊಡೆತ), ಜ್ಯಾಬ್, ಬಲಗೈ. ಉಳಿದದ್ದನ್ನು ಹೇಳಲು ಉಸಿರಿಲ್ಲ. ಹೇಳದೆ ಉಳಿದದ್ದು ಕೇಳುವವರಿಗೆ ಬಿಟ್ಟದ್ದು. ಉದ್ದದ ವಾಕ್ಯಗಳೆಲ್ಲ ವಿಶ್ರಾಂತಿಯ ಭಾಗಕ್ಕೆ ಹೋದವು. ಅಲ್ಲಿಯೂ ಮೊದಲ ಒಂದೆರಡು ನಿಮಿಷ ನಾನು ಏದುಸಿರಿನಲ್ಲೇ ಮಾತನಾಡಬೇಕಾಗುತ್ತಿದ್ದರಿಂದ, ಮಾತು ಚಿಕ್ಕದರಿಂದ ದೊಡ್ಡದಕ್ಕೆ ಬೆಳೆಯುವಂತೆ ಬರೆಯಬೇಕಾಯಿತು. ರಂಗಪಠ್ಯದ ಲಯ ನಿರ್ಧಾರವಾದದ್ದು ನನ್ನ ಶ್ವಾಸಕೋಶದಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ಇಲ್ಲಿ ನಾಟ್ಯಶಾಸ್ತ್ರದ ಒಂದು ಮಾತನ್ನು ತರಬೇಕು. ಭರತ ಹೇಳುವ ಎಂಟು ಸಾತ್ತ್ವಿಕ ಭಾವಗಳೆಂದರೆ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಬೆವರು, ನಡುಕ, ದನಿ ಒಡೆಯುವುದು, ಮುಖದ ಬಣ್ಣ ಬದಲಾಗುವುದು, ಇವನ್ನು ಕೈಕಾಲು ಆಡಿಸಿದಂತೆ ಬೇಕೆಂದಾಗ ತರಿಸಿಕೊಳ್ಳಲು ಆಗುವುದಿಲ್ಲವೆಂದು ನಾವು ಕಲಿಯುವಾಗಲೇ ಕೇಳಿರುತ್ತೇವೆ. ಮೂರು ನಿಮಿಷ ನಿಜವಾಗಿ ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಾಳಿಯನ್ನು ಕಲ್ಪಿಸಿಕೊಂಡು ಗಾಳಿಗೆ ಹೊಡೆಯುವ ಅಭ್ಯಾಸ, ಮಾಡಿ ಸ್ಟೂಲಿನ ಮೇಲೆ ಕುಳಿತಾಗ ಈ ನಾಲ್ಕೂ ನನ್ನ ಮೈಯಲ್ಲಿ ಕರೆಯದೆ ಬಂದು ನಿಂತಿದ್ದವು. ತೋಳು ನಡುಗುತ್ತಿತ್ತು, ದನಿ ಸೀಳುತ್ತಿತ್ತು. ಆ ಹೊತ್ತಿನಲ್ಲಿ ನಾನು ಅಕ್ಕನ ಸ್ಕೂಟರಿನ ಬಗ್ಗೆ ತೀರಾ ಸಾಮಾನ್ಯವಾದ ಮಾತೊಂದನ್ನು, ಅದರ ಹಿಂದಿನ ಚಕ್ರದ ಗಾಳಿ ಪದೇ ಪದೇ ಇಳಿಯುತ್ತಿತ್ತು ಎಂಬುದನ್ನು, ಹೇಳಿದರೂ ಸಾಕು, ನೋಡುವವರು ದಣಿವನ್ನೂ ದುಃಖವನ್ನೂ ಬೇರ್ಪಡಿಸಲಾರದೆ ಹೋಗುತ್ತಿದ್ದರು. ಉಳಿದ ಅಶ್ರುವಿನ ವಿಷಯದಲ್ಲಿ ಮಾತ್ರ ನಾನು ತಪ್ಪಿದೆ. ಧಾರವಾಡದ ಮೊದಲ ಪ್ರದರ್ಶನದಲ್ಲಿ ಎರಡನೆಯ ವಿಶ್ರಾಂತಿಯ ವೇಳೆ ನನಗೆ ನಿಜವಾಗಿಯೇ ಅಳು ಬಂತು; ಸಭಾಂಗಣವೂ ಅತ್ತಿತು; ಚಪ್ಪಾಳೆಯೂ ಜೋರಾಗಿತ್ತು. ನಿರ್ದೇಶಕಿ ಮಾತ್ರ ಬಣ್ಣದ ಕೋಣೆಗೆ ಬಂದು, ‘ನೀ ಅತ್ತು ಮುಗಿಸಿದ ಮ್ಯಾಲ ಅವರಿಗೆ ಮನಿಗೆ ಒಯ್ಯಾಕ ಏನೂ ಉಳೀಲಿಲ್ಲ’ ಎಂದಳು. ಆಮೇಲಿನ ಪ್ರದರ್ಶನಗಳಲ್ಲಿ ಅಳು ಬರುವ ಸೂಚನೆ ಸಿಕ್ಕೊಡನೆ ನಾನು ಕೈಪಟ್ಟಿಯ ತುದಿಯನ್ನು ಸರಿಪಡಿಸಿಕೊಳ್ಳುವ ಕೆಲಸ ಹಚ್ಚಿಕೊಳ್ಳುತ್ತೇನೆ. ಕೈಗೆ ಕೆಲಸ ಸಿಕ್ಕರೆ ಕಣ್ಣು ತಡೆದುಕೊಳ್ಳುತ್ತದೆ.

ಕೈಪಟ್ಟಿಯ ವಿಷಯ ಬಂತು. ಗ್ಲೌಸಿನ ಒಳಗೆ ಸುತ್ತಿಕೊಳ್ಳುವ ಈ ಬಟ್ಟೆಯ ಪಟ್ಟಿ ಸುಮಾರು ನಾಲ್ಕೂವರೆ ಮೀಟರ್ ಉದ್ದವಿರುತ್ತದೆ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಆಮೇಲೆ ಬೆರಳ ಸಂದುಗಳಲ್ಲಿ ಹಾಯಿಸಿ ಮತ್ತೆ ಮಣಿಕಟ್ಟಿಗೆ ತರಬೇಕು. ನಾಟಕ ಆರಂಭವಾಗುವುದು ಇದರಿಂದಲೇ. ಎರಡೂ ಕೈಗೆ ಸುತ್ತಿ ಮುಗಿಸಲು ನನಗೆ ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ಒಂದೂ ಮಾತಿಲ್ಲ. ಇಷ್ಟು ಹೊತ್ತು ಮಾತಿಲ್ಲದೆ ಪ್ರೇಕ್ಷಕರನ್ನು ಕೂರಿಸಬಹುದೇ ಎಂಬ ಅಳುಕು ನನಗಿತ್ತು. ಆದರೆ ಬಲಗೈಗೆ ಸುತ್ತಿಕೊಳ್ಳುವಾಗ ಹುಡುಗಿ ಪಟ್ಟಿಯ ತುದಿಯನ್ನು ಯಾರೋ ಹಿಡಿದುಕೊಳ್ಳಲಿ ಎಂಬಂತೆ ಒಂದು ಕ್ಷಣ ಮುಂದಕ್ಕೆ ಚಾಚಿ, ಹಿಂದಕ್ಕೆಳೆದು, ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ. ಅಕ್ಕ ಇಲ್ಲವೆಂಬುದನ್ನು ಹೇಳಲು ಮೊದಲ ಪಠ್ಯದಲ್ಲಿ ಎರಡು ಪುಟ ಖರ್ಚು ಮಾಡಿದ್ದೆ.

ಗ್ಲೌಸು ತೊಟ್ಟ ಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಹತ್ತು ಔನ್ಸಿನ ಗ್ಲೌಸು ಹಾಕಿದವರು ನೀರಿನ ಬಾಟಲಿಯ ಮುಚ್ಚಳ ತೆಗೆಯಲಾರರು, ಮೂಗು ಒರೆಸಿಕೊಳ್ಳಲಾರರು, ಮೊಬೈಲು ಎತ್ತಲಾರರು. ಯಾರನ್ನಾದರೂ ಕೆಡವಬಲ್ಲ ಆ ಕೈಗಳು ಕೂಸಿನ ಕೈಗಳಷ್ಟೇ ನಿರುಪಯೋಗಿ. ಅಕ್ಕನ ಸುದ್ದಿ ಬಂದ ದೃಶ್ಯವನ್ನು ಇದರ ಮೇಲೆಯೇ ಕಟ್ಟಿದೆವು: ಅಭ್ಯಾಸದ ನಡುವೆ ನೆಲದ ಮೇಲಿಟ್ಟ ಮೊಬೈಲು ಬಡಿದುಕೊಳ್ಳುತ್ತದೆ, ಅವಳು ಗ್ಲೌಸಿನಿಂದಲೇ ಅದನ್ನು ಒತ್ತಲು ನೋಡುತ್ತಾಳೆ, ಅದು ಜಾರುತ್ತ ಹೋಗುತ್ತದೆ. ಮೊದಲ ಸಲಕ್ಕೆ ಪ್ರೇಕ್ಷಕರು ನಗುತ್ತಾರೆ. ನಗಬೇಕು ಕೂಡ. ನಾಲ್ಕನೆಯ ಸಲ ಕರೆ ಬರುವ ಹೊತ್ತಿಗೆ ನಗು ನಿಂತಿರುತ್ತದೆ.

ಪಂದ್ಯದಲ್ಲಿ ಹೆಣ್ಣುಮಕ್ಕಳು ತೊಡುವ ಹೆಡ್‌ಗಾರ್ಡನ್ನೂ ಮೌತ್‌ಗಾರ್ಡನ್ನೂ ನಾವು ಕೈಬಿಟ್ಟೆವು. ಒಂದು ಮುಖವನ್ನು ಮುಚ್ಚುತ್ತದೆ, ಇನ್ನೊಂದು ಮಾತನ್ನು. ಪಂದ್ಯದ ನಿಯಮ ಬಲ್ಲವರೊಬ್ಬರು ಇದನ್ನು ತಪ್ಪೆಂದರು. ನಾನು ಒಪ್ಪಿಕೊಂಡೆ, ಬದಲಿಸಲಿಲ್ಲ.

ರಿಂಗಿನ ಪ್ರಶ್ನೆ ದೊಡ್ಡದಿತ್ತು. ಹಗ್ಗಗಳ ಒಳಗೆ 6.1 ಮೀಟರ್ ಚೌಕದ ರಿಂಗು ನಾವು ಆಡುವ ಆಪ್ತ ರಂಗಮಂದಿರಗಳಲ್ಲಿ ಹಿಡಿಸುವುದೇ ಇಲ್ಲ. ಹಗ್ಗ ಕಟ್ಟಿದರೆ ಮುಂದಿನ ಸಾಲಿನವರಿಗೆ ನಾನು ಪಂಜರದೊಳಗಿನ ಪ್ರಾಣಿಯಂತೆ ಕಾಣುತ್ತಿದ್ದೆ. ಕೊನೆಗೆ ಒಂದೇ ಒಂದು ಮೂಲೆಯನ್ನು ಉಳಿಸಿಕೊಂಡೆವು: ನೀಲಿ ಬಟ್ಟೆ ಸುತ್ತಿದ ಒಂದು ಕಂಬ, ಸ್ಟೂಲು, ಬಕೆಟ್ಟು. ಉಳಿದ ಮೂರು ಮೂಲೆಗಳು ನನ್ನ ಹೆಜ್ಜೆಗಳಲ್ಲಿ ಇರಬೇಕು. ಮರಳು ತುಂಬಿದ ಚೀಲವನ್ನು ಮೇಲಿನಿಂದ ತೂಗುಹಾಕುವ ಆಸೆಯನ್ನು ಬೆಳಕಿನವರು ಮೊದಲ ದಿನವೇ ತಳ್ಳಿಹಾಕಿದರು. ಲೈಟು ಕಟ್ಟುವ ಕೊಳವೆಗೆ ಮೂವತ್ತು ಕಿಲೋ ತೂಕ ಕಟ್ಟಿ ಅದಕ್ಕೆ ಹೊಡೆದರೆ ಲೈಟುಗಳೇ ತಲೆಯ ಮೇಲೆ ಬೀಳುತ್ತವೆ ಎಂಬ ಅವರ ಮಾತಿಗೆ ಎದುರಾಡುವಂತಿರಲಿಲ್ಲ. ನಷ್ಟವೇನೂ ಆಗಲಿಲ್ಲ. ಚೀಲ ಇದ್ದಿದ್ದರೆ ಎದುರಾಳಿ ಹುಟ್ಟುತ್ತಲೇ ಇರಲಿಲ್ಲ.

ಹರಿಕಥೆಯ ದಾಸರು ಒಬ್ಬರೇ ನಿಂತು ಕೃಷ್ಣನೂ ಕಂಸನೂ ಆಗುವುದನ್ನು ನೋಡಿ ಬೆಳೆದವರಿಗೆ ಏಕವ್ಯಕ್ತಿ ಎಂದೊಡನೆ ದನಿ ಬದಲಿಸಿ ಹತ್ತು ಜನರನ್ನು ಆಡಿ ತೋರಿಸುವ ಚಪಲ ಬರುತ್ತದೆ. ನನಗೂ ಬಂದಿತ್ತು. ಶ್ಯಾಡೋ ಬಾಕ್ಸಿಂಗ್ ಅದನ್ನು ಬಿಡಿಸಿತು. ಅಲ್ಲಿ ಎದುರಾಳಿಯನ್ನು ಆಡಿ ತೋರಿಸುವಂತಿಲ್ಲ, ನೋಡಬೇಕು. ನಾನು ಗಾಳಿಗೆ ಕೈ ಬೀಸುತ್ತಿದ್ದಾಗ ತರಬೇತುದಾರರು, ‘ಯಾರಿಗೆ ಹೊಡಿಯಾಕತ್ತೀರಿ? ಆಕಿ ಗದ್ದ ಎಲ್ಲೈತಿ ತೋರಸ್ರಿ’ ಎಂದು ಕೇಳಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಸಿದರು. ಆ ಗೆರೆ ನನ್ನ ಗದ್ದದ ಮಟ್ಟಕ್ಕಿಂತ ಮೂರು ಬೆರಳು ಮೇಲಿತ್ತು. ತಾಲೀಮಿನಲ್ಲಿ ಅದನ್ನು ಹಾಗೆಯೇ ಉಳಿಸಿಕೊಂಡೆ. ಮೊದಲ ಎರಡು ರೌಂಡುಗಳಲ್ಲಿ ಎದುರಾಳಿಯ ಗದ್ದ ನನಗಿಂತ ಕೆಳಗಿರುತ್ತದೆ. ಮೂರನೆಯ ರೌಂಡಿನಲ್ಲಿ ನನ್ನ ನೋಟ ಆ ಗೆರೆಗೆ ಏರುತ್ತದೆ. ಅಕ್ಕ ತನಗಿಂತ ಮೂರು ಬೆರಳು ಎತ್ತರ ಎಂಬುದನ್ನು ಹುಡುಗಿ ಅದಕ್ಕೂ ಮುಂಚೆ, ಅಕ್ಕನ ಚೂಡಿದಾರ ತನಗೆ ಉದ್ದವಾಗುತ್ತಿತ್ತೆಂದು ದೂರುವಾಗ, ಹೇಳಿರುತ್ತಾಳೆ. ಅವಳು ಯಾರೊಂದಿಗೆ ಕಾದುತ್ತಿದ್ದಾಳೆಂದು ನಾವು ಬೇರೆ ಹೇಳುವುದಿಲ್ಲ. ಎಲ್ಲರಿಗೂ ಇದು ತಿಳಿಯುವುದಿಲ್ಲ, ತಿಳಿಯಲೇಬೇಕೆಂಬ ಹಟವೂ ನನಗಿಲ್ಲ.

ಜೊತೆಯ ಹುಡುಗಿಯರಿಂದ ಕಲಿತದ್ದು ಬೇರೆಯದೇ. ನಾನು ಅವರನ್ನು ದುಃಖದ ಬಗ್ಗೆ ಕೇಳಲಿಲ್ಲ. ಅವರು ತಾವಾಗಿ ಮಾತನಾಡುತ್ತಿದ್ದದ್ದು ತೂಕದ ಬಗ್ಗೆ, ಮುಟ್ಟಿನ ದಿನಗಳ ಬಗ್ಗೆ, ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ಗೆ ಆಯ್ಕೆಯಾಗುವ ಆಸೆಯ ಬಗ್ಗೆ. ಪಂದ್ಯವಿರುವ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ; ವಿಭಾಗದ ಮಿತಿಗಿಂತ ನೂರು ಗ್ರಾಂ ಹೆಚ್ಚಿದ್ದರೂ ಇಳಿಸಿಕೊಂಡೇ ಬರಬೇಕು. ನಮ್ಮ ಕಡೆ ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀಗರೂ ನೆರೆಯವರೂ ಬುತ್ತಿ ತರುತ್ತಾರೆ, ತಂದದ್ದನ್ನು ಬೇಡವೆನ್ನುವಂತಿಲ್ಲ. ಈ ಎರಡು ಸಂಗತಿಗಳು ಒಂದರ ಪಕ್ಕ ಒಂದು ಬಂದು ಕುಳಿತಾಗ ನಾಟಕದ ಅತ್ಯಂತ ಗಟ್ಟಿಯಾದ ಭಾಗ ಸಿಕ್ಕಿತು. ಊರಿನವರು ಪ್ರೀತಿಯಿಂದ ಬಡಿಸಿದ ರೊಟ್ಟಿ, ಪುಂಡಿಪಲ್ಯ, ಅನ್ನ, ದಿನಕರ್ಮದ ಸಿಹಿ, ಎಲ್ಲವೂ ಅವಳ ಮೈಯಲ್ಲಿ ಎರಡು ಕಿಲೋ ಆಗಿ ನಿಂತಿವೆ. ಅದನ್ನು ಬೆವರಿನಲ್ಲಿ ಕಳೆಯಲು ಅವಳು ಕಂಬಳಿ ಹೊದ್ದು ಮಾಳಿಗೆಯ ಮೇಲೆ ಓಡುತ್ತಾಳೆ. ಅಕ್ಕನ ಹೆಸರಿನಲ್ಲಿ ಉಂಡ ಅನ್ನವನ್ನು ಕಳೆಯುವುದು ಪಾಪವೇ ಎಂದು ತಕ್ಕಡಿಯ ಮೇಲೆ ನಿಂತು ಕೇಳುತ್ತಾಳೆ. ಈ ದೃಶ್ಯಕ್ಕೆ ನಾನು ಒಂದಕ್ಷರವನ್ನೂ ಎರಡನೆಯ ಸಲ ತಿದ್ದಿಲ್ಲ.

ಕೊನೆಯ ದೃಶ್ಯದ ಕೀಲಿ ಸಿಕ್ಕಿದ್ದು ಆಟದ ಇತಿಹಾಸದಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬಾಕ್ಸಿಂಗ್ ಮೊದಲ ಬಾರಿಗೆ ಸೇರಿದ್ದು 2012ರ ಲಂಡನ್ನಿನಲ್ಲಿ, 51 ಕೆ.ಜಿ. ವಿಭಾಗದಲ್ಲಿ ಮೇರಿ ಕೋಮ್ ಕಂಚು ಗೆದ್ದರು. ನಾಟಕದ ಅಕ್ಕತಂಗಿಯರು ಅದನ್ನು ಪಕ್ಕದ ಮನೆಯ ಟಿ.ವಿ.ಯಲ್ಲಿ ನೋಡುತ್ತಾರೆ, ಆಗ ಅಕ್ಕನಿಗೆ ಹನ್ನೆರಡು, ತಂಗಿಗೆ ಏಳು. ಮರುದಿನದಿಂದ ಮಾಳಿಗೆಯ ಮೇಲೆ ಅವರ ಆಟ ಶುರುವಾಗುತ್ತದೆ. ಲಂಡನ್ನಿನಲ್ಲಿ ಹೆಣ್ಣುಮಕ್ಕಳ ಪಂದ್ಯಕ್ಕೆ ಎರಡು ನಿಮಿಷಗಳ ನಾಲ್ಕು ರೌಂಡುಗಳಿದ್ದವು. ಲವ್ಲಿನಾ ಬೊರ್ಗೊಹೈನ್ ಕಂಚು ಗೆದ್ದ ಟೋಕಿಯೊ ಒಲಿಂಪಿಕ್ಸ್ 2021ರಲ್ಲಿ ನಡೆಯುವ ಹೊತ್ತಿಗೆ ಅದು ಮೂರು ನಿಮಿಷಗಳ ಮೂರು ರೌಂಡುಗಳಾಗಿತ್ತು. ನಿಯಮ ಬದಲಾದರೂ ಅಕ್ಕ ಮಾಳಿಗೆಯ ಮೇಲೆ ನಾಲ್ಕನೆಯ ರೌಂಡನ್ನು ಬಿಡಲಿಲ್ಲ. ‘ಮೂರು ಅವರಿಗೆ, ನಾಕನೇದ್ದು ನಮಗ’ ಎನ್ನುತ್ತಿದ್ದಳು. ಆದ್ದರಿಂದ ಮೂರನೆಯ ರೌಂಡು ಮುಗಿದ ಮೇಲೆ, ತೀರ್ಪಿಗೆ ರಿಂಗಿನ ನಡುವೆ ಹೋಗಬೇಕಾದ ಹುಡುಗಿ ತನ್ನ ಮೂಲೆಗೆ ಬಂದು, ಸ್ಟೂಲಿನ ಮೇಲೆ ಕುಳಿತು, ನಾಲ್ಕನೆಯ ಗಂಟೆಗಾಗಿ ಕಾಯುತ್ತಾಳೆ. ಇದೊಂದು ವಿಶ್ರಾಂತಿ ಮಾತ್ರ ಹಿಗ್ಗುವುದಿಲ್ಲ, ಸರಿಯಾಗಿ ಅರವತ್ತು ಸೆಕೆಂಡು. ಗಂಟೆ ಬಾರಿಸುವುದಿಲ್ಲ.

ಈ ಅರವತ್ತು ಸೆಕೆಂಡು ನಮ್ಮನ್ನು ಬಹಳ ಕಾಡಿತು. ಮೊದಲ ಐದು ಪ್ರದರ್ಶನಗಳಲ್ಲಿ ಇಪ್ಪತ್ತನೆಯ ಸೆಕೆಂಡಿಗೇ ನಾಟಕ ಮುಗಿಯಿತೆಂದು ಜನ ಚಪ್ಪಾಳೆ ಹೊಡೆದರು. ಗಂಟೆಗಾಗಿ ಅವರೂ ಕಾಯುವಂತೆ ಮಾಡಬೇಕಾದರೆ ಗಂಟೆಯ ಅಭ್ಯಾಸ ಅವರಿಗೆ ಮೊದಲೇ ಆಗಿರಬೇಕಿತ್ತು. ಪರಿಹಾರ ನಮ್ಮ ರಂಗಭೂಮಿಯ ಹಳೆಯ ಪದ್ಧತಿಯಲ್ಲೇ ಇತ್ತು. ನಾಟಕಕ್ಕೆ ಮುಂಚೆ ಮೂರು ಗಂಟೆ ಬಾರಿಸುತ್ತೇವಲ್ಲ, ಆ ಮೂರನ್ನೂ ಈಗ ರಂಗದ ಮೇಲಿನ ಅದೇ ಹಿತ್ತಾಳೆಯ ಗಂಟೆಯಿಂದ ಬಾರಿಸುತ್ತೇವೆ. ಪ್ರತಿ ರೌಂಡಿನ ಆರಂಭಕ್ಕೂ ಅಂತ್ಯಕ್ಕೂ ಅದೇ ಸದ್ದು. ಜೊತೆಗೆ, ಕೊನೆಯ ನಿಮಿಷದಲ್ಲಿ ದೀಪವನ್ನು ಕಂದಿಸುವ ಬದಲು ಇದ್ದಷ್ಟೇ ಇಟ್ಟೆವು, ಏಕೆಂದರೆ ದೀಪ ಕಂದಿದರೆ ಕೈಗಳು ತಾವಾಗಿ ಚಪ್ಪಾಳೆಗೆ ಏಳುತ್ತವೆ. ಆರನೆಯ ಪ್ರದರ್ಶನದಿಂದ ಜನ ಕಾಯತೊಡಗಿದರು.

ಇದುವರೆಗೆ ಇಪ್ಪತ್ತೆಂಟು ಪ್ರದರ್ಶನಗಳಾಗಿವೆ. ಪರಿಕರಗಳೆಲ್ಲ ಎರಡು ಚೀಲಗಳಲ್ಲಿ ಹಿಡಿಸುವುದರಿಂದ ಸರ್ಕಾರಿ ಬಸ್ಸಿನಲ್ಲೇ ಊರೂರು ತಿರುಗಿದ್ದೇವೆ. ಹೊಳಪಿನ ಟೈಲ್ಸ್ ಹಾಸಿದ ರಂಗವೊಂದರಲ್ಲಿ ಕಾಲು ಜಾರಿ ಮಣಿಕಟ್ಟು ಉಳುಕಿದ ಮೇಲೆ, ಆಹ್ವಾನ ಬಂದಾಗ ಸಂಭಾವನೆಗಿಂತ ಮೊದಲು ನೆಲ ಯಾವುದೆಂದು ಕೇಳುತ್ತೇನೆ.

ನಾಟಕ ನೋಡಲು ತರಬೇತುದಾರರು ಬಹಳ ದಿನ ಬಂದಿರಲಿಲ್ಲ. ಕಳೆದ ತಿಂಗಳು ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದರು. ಕಥೆಯ ಬಗ್ಗೆ ಏನೂ ಹೇಳಲಿಲ್ಲ. ‘ಮೂರನೇ ರೌಂಡಿನ್ಯಾಗ ನಿಮ್ಮ ಎಡಗೈ ಇಳೀತೈತ್ರಿ ಅಕ್ಕಾರ, ಆಕಿ ಎತ್ತರ ಅದಾಳಲ್ಲ, ಮ್ಯಾಲಿಂದ ಹೊಡದು ಬಿಡತಾಳ’ ಎಂದರು. ಈಗ ದಿನವೂ ಬೆಳಿಗ್ಗೆ ಆ ಗೆರೆಯ ಮುಂದೆ ನಿಂತು ಎಡಗೈಯನ್ನು ಮೇಲೆ ಹಿಡಿದಿಡುವ ಅಭ್ಯಾಸ ಮಾಡುತ್ತಿದ್ದೇನೆ.